ಗೆದ್ದವನ ಕಾರಿಗೆ ಸೀಸ ಹೇರುವುದು ಅನ್ಯಾಯವೇ?

ನಿಮ್ಮ ಪ್ರಶ್ನೆ ಇದು: ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನ ಕೆಲವು ಹಳೆಯ ರೇಸುಗಳನ್ನು ಮೊಬೈಲಿನಲ್ಲಿ ನೋಡಿದಿರಿ. ಮುಂದಿರುವವರ ಕಾರಿಗೆ ಭಾರ ಹೇರುತ್ತಾರೆ, ದಿನದ ಮೂರನೇ ರೇಸಿಗೆ ಸಾಲನ್ನೇ ತಿರುಗಿಸಿ ಗೆದ್ದವರನ್ನು ಹಿಂದಕ್ಕೆ ನಿಲ್ಲಿಸುತ್ತಾರೆ. ಚೆನ್ನಾಗಿ ಓಡಿಸಿದವನಿಗೇ ಶಿಕ್ಷೆ ಕೊಡುವ ಇದು ಎಂಥ ಕ್ರೀಡೆ? ಮೈಸೂರಿನಲ್ಲಿರುವ ನಿಮಗೆ ಇಂಥದ್ದು ಹತ್ತಿರದಲ್ಲಿ ಎಲ್ಲಾದರೂ ನೋಡಲು ಸಿಗುತ್ತದೆಯೇ?

ನಾನು ಮಂಡ್ಯದಲ್ಲಿ ವೀಲ್ ಅಲೈನ್‌ಮೆಂಟ್ ಅಂಗಡಿ ನಡೆಸುವವನು. ಇದಕ್ಕೂ ಮೊದಲು ಬೆಂಗಳೂರಿನ ಒಂದು ಸಣ್ಣ ಗ್ಯಾರೇಜಿನಲ್ಲಿದ್ದಾಗ, ಟೂರಿಂಗ್ ಕಾರ್ ವಿಭಾಗದಲ್ಲಿ ಓಡುತ್ತಿದ್ದ ಒಂದು ಎಸ್ಟೀಮ್ ಕಾರಿಗೆ ಎರಡು ವರ್ಷ ಕೈಯಾಳಾಗಿ ದುಡಿದಿದ್ದೇನೆ. ಸ್ಟೀರಿಂಗ್ ಹಿಡಿದವನಲ್ಲ, ಸ್ಪ್ಯಾನರ್ ಹಿಡಿದವನು. ಆ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲು ಭಾರದ ವಿಷಯ. ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ಚಿಕ್ಕಪ್ಪ ಅಲ್ಲಿ ಕಳೆದ ದುಡ್ಡಿಗೆ ಒಂದು ಎಕರೆ ಗದ್ದೆ ಬರುತ್ತಿತ್ತು ಎಂದು ಚಿಕ್ಕಮ್ಮ ಇಂದಿಗೂ ಲೆಕ್ಕ ಒಪ್ಪಿಸುತ್ತಾರೆ. ಅಲ್ಲಿ ಹ್ಯಾಂಡಿಕ್ಯಾಪ್ ರೇಸ್ ಎಂದರೆ ಏನು? ಒಳ್ಳೆಯ ಕುದುರೆಗೆ ಹೆಚ್ಚು ಭಾರ. ಜಾಕಿಯ ತೂಕ ಸಾಲದಿದ್ದರೆ ಜೀನಿನ ಜೇಬಿಗೆ ಸೀಸದ ತುಂಡು ಸೇರಿಸುತ್ತಾರೆ. ಅದನ್ನು ಕುದುರೆಗೆ ಕೊಟ್ಟ ಶಿಕ್ಷೆ ಎಂದು ಯಾರೂ ಕರೆಯುವುದಿಲ್ಲ. ಈ ಕುದುರೆ ಇಷ್ಟು ಹೊತ್ತೂ ಗೆಲ್ಲಬಲ್ಲದು ಎಂಬ ಅಂದಾಜು ಅದು. ನಮ್ಮ ಚಿಕ್ಕಪ್ಪನಂಥವರು ಕುದುರೆಯ ಹೆಸರಿಗಿಂತ ಮೊದಲು ನೋಡುತ್ತಿದ್ದದ್ದು ಆ ಅಂಕಿಯನ್ನೇ. ಟೂರಿಂಗ್ ಕಾರಿನ ಸೀಸವೂ ಇದೇ ಜಾತಿಯದು. ಅಂಕಪಟ್ಟಿಯಲ್ಲಿ ಮೊದಲಿರುವವನಿಗೆ ಅತಿ ಹೆಚ್ಚು, ಕೆಳಗಿಳಿದಂತೆ ಕಡಿಮೆ. ಬ್ರಿಟನ್ನಿನಲ್ಲಿ ಕೆಲವು ವರ್ಷ ಇದು 75 ಕಿಲೋವರೆಗೂ ಹೋಗಿತ್ತು. ಸುಮಾರು 1,300 ಕಿಲೋ ತೂಗುವ ಕಾರಿನಲ್ಲಿ ದಷ್ಟಪುಷ್ಟವಾದ ಒಬ್ಬ ಬಾವಮೈದುನನನ್ನು ಕೂರಿಸಿಕೊಂಡು ರೇಸ್ ಮಾಡಿದ ಹಾಗೆ.

ಈ ಯೋಚನೆ ಏಕೆ ಬಂತು ಎಂದು ತಿಳಿಯಬೇಕಾದರೆ ಟೂರಿಂಗ್ ಕಾರ್ ಎಂದರೆ ಏನೆಂದು ಹೇಳಬೇಕು. ಫಾರ್ಮುಲಾ ಒನ್ ಕಾರು ಅಂಗಡಿಯಲ್ಲಿ ಸಿಗುವುದಿಲ್ಲ. ಟೂರಿಂಗ್ ಕಾರಿನ ಮೂಲ ಮಾತ್ರ ನಿಮ್ಮ ಪಕ್ಕದ ಮನೆಯ ಮುಂದೆ ನಿಲ್ಲುವ ಸೆಡಾನ್ ಅಥವಾ ಹ್ಯಾಚ್‌ಬ್ಯಾಕ್. ಸೀಟು, ಕಾರ್ಪೆಟ್, ಹವಾನಿಯಂತ್ರಣ ಎಲ್ಲವನ್ನೂ ಕಿತ್ತು, ಒಳಗೆ ಉಕ್ಕಿನ ಕೊಳವೆಗಳ ಪಂಜರ ಬೆಸೆದು, ಎಂಜಿನ್ನು, ಬ್ರೇಕು, ಸಸ್ಪೆನ್ಷನ್ ಬದಲಿಸಿರುತ್ತಾರೆ. ನೋಡುವವನಿಗೆ ಇದು ನಮ್ಮ ಕಾರು ಎನಿಸಬೇಕು, ಆಟದ ಜೀವ ಅದರಲ್ಲಿದೆ. ಆದರೆ ತೊಂದರೆಯೂ ಅಲ್ಲೇ. ಬೇರೆ ಬೇರೆ ಕಂಪನಿಗಳ ಬೇರೆ ಬೇರೆ ಆಕಾರದ ಕಾರುಗಳು ಹುಟ್ಟಿನಿಂದಲೇ ಸಮಾನವಲ್ಲ. ಬಿಟ್ಟರೆ ದುಡ್ಡಿದ್ದವನು ಓಡಿಹೋಗುತ್ತಾನೆ, ಉಳಿದವರು ಅಂಗಡಿ ಮುಚ್ಚುತ್ತಾರೆ.

ಬ್ರಿಟಿಷ್ ಸರಣಿ ಶುರುವಾದದ್ದು 1958ರಲ್ಲಿ. ಆಗ ಕಾರುಗಳನ್ನು ಎಂಜಿನ್ ಗಾತ್ರದ ಮೇಲೆ ವಿಭಾಗ ಮಾಡಿ, ಅವರವರ ವಿಭಾಗದಲ್ಲಿ ಗಳಿಸಿದ ಅಂಕವನ್ನೇ ಒಟ್ಟು ಪಟ್ಟಿಗೆ ಸೇರಿಸುತ್ತಿದ್ದರು. ಹಾಗಾಗಿ ಚಿಕ್ಕ ಕಾರೂ ಚಾಂಪಿಯನ್ ಆಗಬಹುದಿತ್ತು. ಒಂದು ಲೀಟರಿನ ಪುಟ್ಟ ಸನ್‌ಬೀಮ್ ಇಂಪ್ ಓಡಿಸಿದ ಬಿಲ್ ಮ್ಯಾಕ್‌ಗವರ್ನ್ 1970ರಿಂದ 1972ರವರೆಗೆ ಸತತ ಮೂರು ಸಲ ಗೆದ್ದ. ಇನ್ನು ಮೊದಲ ವರ್ಷವೇ ನಡೆದದ್ದು ನನಗೆ ಬಹಳ ಇಷ್ಟವಾದ ಪ್ರಸಂಗ. ವರ್ಷದ ಕೊನೆಗೆ ಜ್ಯಾಕ್ ಸಿಯರ್ಸ್ ಮತ್ತು ಟಾಮಿ ಸಾಪ್‌ವಿತ್ ಸಮ ಅಂಕದಲ್ಲಿ ನಿಂತರು. ನಾಣ್ಯ ಚಿಮ್ಮಿ ತೀರ್ಮಾನಿಸುವ ಮಾತು ಬಂದಿತ್ತು, ಇಬ್ಬರಿಗೂ ಅದು ಬೇಡವಾಯಿತು. ಕೊನೆಗೆ ಒಂದೇ ಬಗೆಯ ಎರಡು ರೈಲಿ ಕಾರುಗಳನ್ನು ತಂದು ಐದು ಸುತ್ತು ಓಡಿಸಿದರು, ಆಮೇಲೆ ಕಾರುಗಳನ್ನು ಅದಲುಬದಲು ಮಾಡಿ ಮತ್ತೆ ಐದು ಸುತ್ತು. ಎರಡೂ ಸೇರಿಸಿ ಸಿಯರ್ಸ್ ಗೆದ್ದದ್ದು 1.6 ಸೆಕೆಂಡಿನಿಂದ. ಇದರಲ್ಲಿ ಕಾರಿನ ಪಾಲೆಷ್ಟು, ಚಾಲಕನ ಪಾಲೆಷ್ಟು ಎಂದು ಬಿಡಿಸಿ ನೋಡುವ ಚಟ ಈ ಆಟಕ್ಕೆ ಹುಟ್ಟಿನಿಂದಲೇ ಅಂಟಿದೆ. ಸೀಸದ ತಟ್ಟೆ ಅದರ ಮೊಮ್ಮಗ.

ಕಡಿವಾಣ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ 1994 ನೋಡಿ. ಆ ವರ್ಷ ಆಲ್ಫಾ ರೋಮಿಯೊ 155 ಕಾರಿಗೆ, ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತಿ ಹಿಡಿಯಲು, ಮುಂದೊಂದು ತುಟಿ, ಹಿಂದೊಂದು ರೆಕ್ಕೆ ಬಂತು. ಮಾರಾಟದ ಕಾರಿನಲ್ಲಿ ಇದ್ದದ್ದಕ್ಕೆ ಮಾತ್ರ ಅವಕಾಶ ಎಂಬುದು ನಿಯಮ. ಕಂಪನಿಯವರು ಆ ಭಾಗಗಳನ್ನು ಮಾರಾಟದ ಕಾರಿನ ಡಿಕ್ಕಿಯೊಳಗೆ ಇಟ್ಟು ಕೊಟ್ಟಿದ್ದರು, ಬೇಕಾದವರು ಹಾಕಿಕೊಳ್ಳಲಿ ಎಂದು! ಉಳಿದ ತಂಡಗಳು ಗಲಾಟೆ ಎಬ್ಬಿಸಿದವು, ಆಲ್ಫಾ ತಂಡ ಒಂದು ಕಡೆ ರೇಸನ್ನೇ ಬಿಟ್ಟು ಹೊರಟಿತು. ಆದರೂ ಗೇಬ್ರಿಯೆಲೆ ಟಾರ್ಕ್ವಿನಿಯೇ ಆ ವರ್ಷದ ಚಾಂಪಿಯನ್. (ಇದೇ ಮನುಷ್ಯ 2018ರಲ್ಲಿ, 56ನೆಯ ವಯಸ್ಸಿನಲ್ಲಿ, ಹ್ಯುಂಡೈ ಕಾರಿನಲ್ಲಿ ವಿಶ್ವ ಟೂರಿಂಗ್ ಕಾರ್ ಕಪ್ ಗೆದ್ದ. ನಮ್ಮಲ್ಲಿ ಆ ವಯಸ್ಸಿಗೆ ನಿವೃತ್ತಿಯ ದಿನ ಎಣಿಸುತ್ತಿರುತ್ತಾರೆ.) ಅದೇ 1994ರಲ್ಲಿ ವೋಲ್ವೊ ತಂಡ ಸಾಮಾನು ತುಂಬುವ ಉದ್ದನೆಯ 850 ಎಸ್ಟೇಟ್ ಕಾರನ್ನು ರೇಸಿಗಿಳಿಸಿತು. ಮದುವೆಗೆ ಪಾತ್ರೆ ಸಾಗಿಸುವ ಬಂಡಿಯಂಥದ್ದು! ಜನ ನಕ್ಕರು, ಮರೆಯಲಿಲ್ಲ. ಮರುವರ್ಷ ರೆಕ್ಕೆಗಳಿಗೆ ಎಲ್ಲರಿಗೂ ಅನುಮತಿ ಸಿಕ್ಕಾಗ ವೋಲ್ವೊ ಸೆಡಾನ್‌ಗೆ ಬದಲಾಯಿತು.

ಈಗ, ಭಾರ ಹೇರಿದರೆ ಕಾರಿಗೆ ನಿಜವಾಗಿ ಏನಾಗುತ್ತದೆ? ಇದು ನನ್ನ ಅಂಗಡಿಯ ವಿಷಯ, ಸ್ವಲ್ಪ ಉದ್ದ ಮಾತಾಡುತ್ತೇನೆ. ನಮ್ಮ ಕಡೆ ಕಬ್ಬಿನ ಗಾಡಿ ಹೇರುವವರಿಗೆ ಮುಂಭಾರ, ಹಿಂಭಾರ ಹೇಳಿಕೊಡಬೇಕಿಲ್ಲ. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ. ಹೆಚ್ಚಿನ ಟೂರಿಂಗ್ ಕಾರುಗಳಲ್ಲಿ ಎಂಜಿನ್ನೂ ಮುಂದೆ, ಎಳೆಯುವ ಚಕ್ರಗಳೂ ಮುಂದೆ. ಎಳೆಯಬೇಕು, ತಿರುಗಬೇಕು, ಬ್ರೇಕಿನ ಹೊರೆಯ ಬಹುಪಾಲನ್ನೂ ಹೊರಬೇಕು. ಮೂರು ಕೆಲಸವನ್ನೂ ಮುಂದಿನ ಎರಡು ಟೈರುಗಳೇ ಮಾಡುತ್ತವೆ. ಹಿಂದಿನ ಎರಡು ಸುಮ್ಮನೆ ಜೊತೆಗೆ ಬರುತ್ತವೆ. ತಿರುವಿನಲ್ಲಿ ಒಳಬದಿಯ ಹಿಂಚಕ್ರ ನೆಲ ಬಿಟ್ಟು ಮೇಲೇಳುವುದನ್ನು ನೋಡಿರುತ್ತೀರಿ, ಕಂಬ ಕಂಡ ನಾಯಿ ಕಾಲೆತ್ತಿದ ಹಾಗೆ. ಅದು ತಪ್ಪಲ್ಲ, ಬೇಕೆಂದೇ ಹಾಗೆ ಕೂರಿಸಿರುತ್ತಾರೆ.

ಇಂಥ ಕಾರಿಗೆ 60 ಕಿಲೋ ಹೇರಿದರೆ ನೇರ ರಸ್ತೆಯಲ್ಲಿ ನೋಡುವವನಿಗೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಕಾಣುವುದು ತಿರುವಿಗೆ ಮುಂಚೆ. ಮೊನ್ನೆ ಒತ್ತಿದ ಜಾಗದಲ್ಲೇ ಬ್ರೇಕ್ ಒತ್ತಿದರೆ ಇವತ್ತು ಕಾರು ನಿಲ್ಲುವುದಿಲ್ಲ, ಕೆಲವು ಅಡಿ ಮೊದಲೇ ಒತ್ತಬೇಕು. ಹಗುರಾಗಿರುವ ಹಿಂದಿನವನು ಆ ಕೆಲವು ಅಡಿಗಳಲ್ಲೇ ಮೂಗು ತೂರಿಸುತ್ತಾನೆ. ಎರಡನೆಯದು ಟೈರಿನ ಬಿಸಿ. ಏಳೆಂಟು ಸುತ್ತಿನ ಹೊತ್ತಿಗೆ ಮುಂದಿನ ಟೈರು ವಿಪರೀತ ಕಾದು ಹಿಡಿತ ಬಿಡುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ಹೋಗಲು ಹಟ ಮಾಡುತ್ತದೆ. ಜಾಣ ಚಾಲಕ ಮೊದಲ ಸುತ್ತುಗಳಲ್ಲಿಯೇ ಟೈರನ್ನು ಉಳಿಸುತ್ತಾನೆ. ರೇಸ್ ಮುಗಿದ ಮೇಲೆ ನಾವು ಟೈರಿನ ಮೈ ಮುಟ್ಟಿ ನೋಡುತ್ತಿದ್ದೆವು. ಒಳ್ಳೆಯವನ ಟೈರು ಒಂದೇ ಸಮ ಮರಳು ಕಾಗದ ಉಜ್ಜಿದ ಹಾಗಿರುತ್ತಿತ್ತು. ಅವಸರದವನ ಟೈರಿನ ಹೊರಅಂಚು ಮಾತ್ರ ಸುಟ್ಟ ಹೋಳಿಗೆಯಂತೆ ಗುಳ್ಳೆ ಎದ್ದಿರುತ್ತಿತ್ತು.

ಹಾಗಾಗಿ ಭಾರ ಹೊತ್ತವನ ರೇಸ್ ಬೇರೆ, ಉಳಿದವರ ರೇಸ್ ಬೇರೆ. ಅವನು ಆರನೆಯವನಾಗಿ ಬಂದರೂ ಕೆಲವು ದಿನ ಅದು ಗೆಲುವೇ. ಬ್ರಿಟನ್ನಿನಲ್ಲಿ ಸೀಸದ ಆ ವರ್ಷಗಳಲ್ಲಿ ಮೊದಲು ಬಂದವನಿಗೆ 20 ಅಂಕ, ಆರನೆಯವನಿಗೆ 10. ವರ್ಷಕ್ಕೆ 30 ರೇಸುಗಳ ಲೆಕ್ಕದಲ್ಲಿ ಆ ಹತ್ತತ್ತೇ ಗುಡ್ಡೆಯಾಗುತ್ತಿತ್ತು. ಜೇಸನ್ ಪ್ಲೇಟೊ 97 ರೇಸ್ ಗೆದ್ದ, ಚಾಂಪಿಯನ್ ಆದದ್ದು ಎರಡೇ ಸಲ. ಆ್ಯಶ್ ಸಟನ್ 2017, 2020, 2021ರಲ್ಲಿ ಸೀಸ ಹೊತ್ತುಕೊಂಡೇ ಚಾಂಪಿಯನ್ ಆದ. 2017ರಲ್ಲಿ ಅವನು ಓಡಿಸಿದ್ದು ಸುಬಾರು ಲೆವೋರ್ಗ್, ಅದೂ ವೋಲ್ವೊದ ಹಾಗೆ ಎಸ್ಟೇಟ್ ಕಾರೇ. ಸೀಸ ಪ್ರತಿಭೆಯನ್ನು ತುಳಿಯುತ್ತದೆ ಎನ್ನುವವರು ಈ ಹೆಸರನ್ನು ಎಲ್ಲಿಡುತ್ತಾರೋ ತಿಳಿಯದು.

ನಿಮ್ಮ ಆಕ್ಷೇಪದಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. ಚೀಟಿ ಎತ್ತಿ, ಎರಡನೇ ರೇಸಿನಲ್ಲಿ ಮುಂದೆ ಬಂದವರಲ್ಲಿ ಆ ಸಂಖ್ಯೆಯಷ್ಟು ಕಾರುಗಳ ಸಾಲನ್ನು ಮೂರನೇ ರೇಸಿಗೆ ತಲೆಕೆಳಗು ಮಾಡುವುದು ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಅದು ಟಿವಿ ನೋಡುವವರಿಗೆ ಹಾಕಿದ ಒಗ್ಗರಣೆ. ಎರಡನೇ ರೇಸಿನಲ್ಲಿ ಐದನೆಯವನಾಗುವುದಕ್ಕಿಂತ ಹತ್ತನೆಯವನಾಗುವುದೇ ಲಾಭ ಎಂಬ ಲೆಕ್ಕಾಚಾರಕ್ಕೆ ಅದು ದಾರಿ ಮಾಡುತ್ತದೆ. 2022ರಲ್ಲಿ ಸೀಸ ತೆಗೆದು ಕಾರುಗಳಿಗೆ, ಎಂಜಿನ್ನಿಗೆ ವಿದ್ಯುತ್ ಮೋಟಾರಿನ ಬಲ ಸೇರಿಸುವ ಹೈಬ್ರಿಡ್ ವ್ಯವಸ್ಥೆ ಕೊಟ್ಟರು. ಮುಂದಿರುವವನಿಗೆ ಆ ಹೆಚ್ಚುವರಿ ಶಕ್ತಿಯ ಬಳಕೆಯಲ್ಲಿ ಕಡಿತ. 2025ಕ್ಕೆ ಹೈಬ್ರಿಡ್ಡನ್ನೂ ಕೈಬಿಟ್ಟರು. ನನಗಂತೂ ಸೀಸವೇ ವಾಸಿ. ಅದನ್ನು ಕೈಯಲ್ಲಿ ಹಿಡಿಯಬಹುದು, ತೂಗಬಹುದು. ಕಂಪ್ಯೂಟರಿನೊಳಗಿನ ಕಡಿತ ಯಾರ ಕಣ್ಣಿಗೆ ಬೀಳುತ್ತದೆ?

ತೂಗುವುದು ಎಂದಾಗ ನನ್ನ ಮಾನ ಹೋದ ದಿನ ನೆನಪಾಗುತ್ತದೆ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ನಮ್ಮ ಕಾರು ಮೂರನೆಯದಾಗಿ ಬಂತು. ರೇಸ್ ಕಾರಿಗೆ ಕನಿಷ್ಠ ತೂಕವೂ ಇರುತ್ತದೆ. ಕಡಿಮೆ ಇದ್ದರೆ ಸೀಸದ ತಟ್ಟೆಗಳನ್ನು ಪಕ್ಕದ ಸೀಟಿನ ಜಾಗದಲ್ಲಿ ನೆಲಕ್ಕೆ ಬೋಲ್ಟ್ ಹಾಕಿ ಸರಿದೂಗಿಸಬೇಕು. ರೇಸ್ ಮುಗಿದೊಡನೆ ಕಾರನ್ನು ತೂಕದ ಹಲಗೆಗಳ ಮೇಲೆ ನಿಲ್ಲಿಸಿದರು. ನಾಲ್ಕು ಕಿಲೋ ಕಡಿಮೆ. ಅಧಿಕಾರಿ ಎರಡನೇ ಸಲ ತೂಗಿಸಿದರು. ಅಂಕಿ ಅಲ್ಲಾಡಲಿಲ್ಲ. ನಮ್ಮ ಹೆಸರನ್ನು ಫಲಿತಾಂಶದಿಂದ ತೆಗೆದರು. ಹಿಂದಿನ ರಾತ್ರಿ ನೆಲದ ಬಿರುಕಿಗೆ ಬೆಸುಗೆ ಹಾಕಲು ತಟ್ಟೆಗಳನ್ನು ಬಿಚ್ಚಿದವನು ನಾನು, ಮರಳಿ ಕೂರಿಸಿದವನೂ ನಾನೇ. ಮೇಸ್ತ್ರಿ ಬೈದಿದ್ದರೆ ಚೆನ್ನಾಗಿತ್ತು, ಅವರು ಬೈಯಲಿಲ್ಲ. ವಾಪಸು ಬರುವಾಗ ಕೃಷ್ಣಗಿರಿ ಹತ್ತಿರ ಟ್ರೇಲರ್ ಪಂಕ್ಚರ್ ಆಯಿತು. ಜ್ಯಾಕ್ ಹುಡುಕಲು ಸಾಮಾನಿನ ಪೆಟ್ಟಿಗೆ ತೆರೆದರೆ, ಎಣ್ಣೆ ಬಟ್ಟೆಯ ಕೆಳಗೆ ಆ ತಟ್ಟೆ ತಣ್ಣಗೆ ಮಲಗಿತ್ತು. ನಾಲ್ಕು ಕಿಲೋ ಕಡಿಮೆಯಾದದ್ದರಿಂದ ನಮ್ಮ ಕಾರು ಓಡಿಹೋಗಿರಲಿಲ್ಲ. ಆದರೂ ತಕರಾರು ಎತ್ತಲು ನಮಗೆ ಬಾಯಿರಲಿಲ್ಲ. ನಾವೇ ಒಪ್ಪಿ ಬಂದ ತೂಕ ಅದು.

ಕಾರಿಗೆ ಕಾರು ಗುದ್ದುವ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಇಲ್ಲಿ ಬಾಗಿಲಿಗೆ ಬಾಗಿಲು ಒರಸುವುದು ನಡೆಯುತ್ತದೆ, ಹಿಂದಿನಿಂದ ಗುದ್ದಿ ತಿರುಗಿಸಿದರೆ ದಂಡ ಬೀಳುತ್ತದೆ. ಎರಡರ ನಡುವಿನ ಗೆರೆ ಎಲ್ಲಿ ಎಂಬುದಕ್ಕೆ ಪ್ರತಿ ಭಾನುವಾರ ಜಗಳ.

ನೋಡಲು ಎಲ್ಲಿಗೆ ಹೋಗುವುದು? ಜಾವಾ, ಯೆಜ್ಡಿ ತಯಾರಿಸಿದ ಮೈಸೂರಿನಲ್ಲಿ ಟಾರು ಹಾಕಿದ ಒಂದು ರೇಸ್ ಟ್ರ್ಯಾಕ್ ಇಲ್ಲ ಎಂಬುದು ನನ್ನ ಹಳೆಯ ಕೊರಗು. ರ‍್ಯಾಲಿ, ಮಣ್ಣಿನ ಟ್ರ್ಯಾಕಿನ ಓಟಗಳು ಅಲ್ಲಿ ನಡೆದಿವೆ, ಅದು ಬೇರೆಯದೇ ಆಟ. ಟೂರಿಂಗ್ ಕಾರಿಗೆ ಇರುಂಗಾಟ್ಟುಕೋಟ್ಟೈಗೇ ಹೋಗಬೇಕು. 3.7 ಕಿಲೋಮೀಟರಿನ ಟ್ರ್ಯಾಕು, ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಇಂಡಿಯನ್ ಟೂರಿಂಗ್ ಕಾರ್ಸ್ ಎಂಬ ವಿಭಾಗವೇ ಇದೆ. ಮೈಸೂರಿಗೆ ಹತ್ತಿರದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, 2.1 ಕಿಲೋಮೀಟರಿನದು. ಫಾರ್ಮುಲಾ ಮಾರುತಿ ರೇಸ್ ಕಾರುಗಳನ್ನು ಕಟ್ಟಿದ ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಅದು. ರಾಷ್ಟ್ರೀಯ ಸುತ್ತುಗಳು ಅಲ್ಲಿಯೂ ನಡೆದಿವೆ. ಹೊರಡುವ ಮುನ್ನ ಆ ವಾರ ಟೂರಿಂಗ್ ವಿಭಾಗ ಇದೆಯೇ ಎಂದು ವೇಳಾಪಟ್ಟಿ ನೋಡಿಕೊಳ್ಳಿ, ಇಲ್ಲವಾದರೆ ಬರೀ ಬೈಕ್ ನೋಡಿ ಬರಬೇಕಾದೀತು. ಚಾಮರಾಜನಗರದ ಮೇಲೆ ಹೋಗುವುದಾದರೆ ದಿಂಬಂ ಘಾಟಿಯಲ್ಲಿ 27 ಕಡಿದಾದ ತಿರುವುಗಳಿವೆ. ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಸಂಜೆಯ ಲೆಕ್ಕ ಮೊದಲೇ ಹಾಕಿಕೊಳ್ಳಿ. ಟ್ರ್ಯಾಕಿನಲ್ಲಿ ನೇರ ರಸ್ತೆಯ ಎದುರು ಕೂರಬೇಡಿ. ಅದರ ಕೊನೆಯಲ್ಲಿ ಕಾರುಗಳು ಬ್ರೇಕ್ ಒತ್ತುವ ಜಾಗ ಹುಡುಕಿ, ಬೇಲಿಯ ಯಾವುದಾದರೂ ಒಂದು ಕಂಬವನ್ನು ಗುರುತು ಇಟ್ಟುಕೊಂಡು, ಯಾರು ಆ ಕಂಬಕ್ಕಿಂತ ಎಷ್ಟು ಮೊದಲು ಬ್ರೇಕ್ ಒತ್ತುತ್ತಾರೆ ಎಂದು ನೋಡಿ. ಮಧ್ಯಾಹ್ನದ ಬಿಸಿಲಿಗೆ ಟೋಪಿ ಇರಲಿ.