ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ

ಎರಡು ಸಂಚಿಕೆ ಹಿಂದೆ ಯಾವ್ದೋ ಪ್ರಶ್ನೆಗೆ ಉತ್ತರ ಬರೀತಾ, ನಾನೂ ಮೂರು ವರ್ಷ ಮೆಕ್ಸಿಕೋದ ಪ್ಲಾಯಾ ದೆಲ್ ಕಾರ್ಮೆನ್ ಅನ್ನೋ ಬೀಚ್ ಊರಲ್ಲಿ ಸಂಸಾರ ಮಾಡಿ ಬಂದೋಳೇ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಈ ಸಲ ಬಂದಿರೋ ಕಾಗದ, ವಾಟ್ಸಾಪ್ ಎಲ್ಲಾ ಆ ಕಡೆದೇ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕೆರಿಬಿಯನ್ ಸಮುದ್ರದ ಬಗ್ಗೆ ಬರೆಯೋದು ನಂಗೇ ನಗು ಬರುತ್ತೆ, ಇರ್ಲಿ, ಕೇಳಿದೀರ, ಹೇಳ್ತೀನಿ.

ಪ್ರಶ್ನೆ: ಮಗಳಿಗೆ ಮದ್ವೆ ಆಗಿ ಎಂಟು ತಿಂಗಳಾಯ್ತು ಮೇಡಂ. ಅಳಿಯಂದ್ರಿಗೆ ನೀವು ಹೇಳಿದ ಅದೇ ಊರಲ್ಲಿ ರೆಸಾರ್ಟ್ ಕೆಲ್ಸ. ದಿನಾ ಸಂಜೆ ಏಳಕ್ಕೆ ಫೋನ್ ಮಾಡಿದ್ರೆ ಎರಡು ಮಾತಾಡಿ ಇಟ್ಬಿಡ್ತಾಳೆ, ಭಾನುವಾರ ಬರೀ ಅಳು. ಫ್ರೆಂಡ್ಸ್ ಆದೋರೆಲ್ಲ ಎರಡು ತಿಂಗಳಿಗೆ ಹೊರಟೋಗ್ತಾರೆ, ಇಲ್ಲಿಯವ್ರು ಬರ್ತೀವಿ ಅಂತಾರೆ ಬರಲ್ಲ ಅಂತಾಳೆ. ವಾಪಸ್ ಕರೆಸ್ಕೊಂಡ್ಬಿಡ್ಲಾ? (ಒಬ್ಬ ತಾಯಿ, ಗುಬ್ಬಿ)

ಅಮ್ಮಾ, ಮೊದ್ಲು ಫೋನ್ ಮಾಡೋ ಟೈಮ್ ಬದಲಾಯಿಸಿ. ಆ ಊರು ನಮಗಿಂತ ಹತ್ತೂವರೆ ಗಂಟೆ ಹಿಂದೆ. ನಿಮ್ಮ ಸಂಜೆ ಏಳು ಅಂದ್ರೆ ಅವ್ಳಿಗೆ ಬೆಳಿಗ್ಗೆ ಎಂಟೂವರೆ, ಒಲೆ ಮೇಲೆ ಏನೋ ಸೀಯ್ತಿರುತ್ತೆ, ಗಂಡ ಸಾಕ್ಸ್ ಎಲ್ಲಿ ಅಂತ ಕೂಗ್ತಿರ್ತಾನೆ, ಆವಾಗ ಯಾವ ಮಗಳು ಮನಸ್ಸು ಬಿಚ್ಚಿ ಮಾತಾಡ್ತಾಳೆ ಹೇಳಿ. ನೀವು ಬೆಳಿಗ್ಗೆ ಏಳೂವರೆಗೆ ಕಾಫಿ ಲೋಟ ಹಿಡ್ಕೊಂಡು ಮಾಡಿ, ಅವ್ಳಿಗೆ ಹಿಂದಿನ ರಾತ್ರಿ ಒಂಬತ್ತು, ಊಟ ಮುಗಿಸಿ ಕೂತಿರ್ತಾಳೆ. ಅಮೆರಿಕದವ್ರ ಥರ ಅಲ್ಲಿ ವರ್ಷಕ್ಕೆರಡು ಸಲ ಗಡಿಯಾರ ತಿರುಗ್ಸೋದಿಲ್ಲ, ಹನ್ನೆರಡು ತಿಂಗಳೂ ಇದೇ ಲೆಕ್ಕ.

ಇನ್ನು ಅಳು. ನಾನೂ ಮೊದಲ ವರ್ಷ ಅತ್ತಿದ್ದೀನಿ, ಕಾರಣಾನೂ ಅದೇ. ಆ ಊರು ಹೇಗಿದೆ ಅಂದ್ರೆ, ಪಕ್ಕದ ಕಾನ್ಕೂನ್‌ನ 1970ರ ಹೊತ್ತಿಗೆ ಸರ್ಕಾರದವ್ರೇ ಪ್ಲಾನ್ ಹಾಕಿ ಟೂರಿಸ್ಟ್‌ಗಳಿಗೋಸ್ಕರ ಕಟ್ಟೋಕೆ ಶುರು ಮಾಡಿದ್ರು, ಕಿಂತಾನಾ ರೋ ಅನ್ನೋ ಆ ಜಾಗ ಒಂದು ರಾಜ್ಯ ಅಂತ ಆಗಿದ್ದೇ 1974ರಲ್ಲಿ, ಪ್ಲಾಯಾ ಆವಾಗಿನ್ನೂ ಮೀನು ಹಿಡಿಯೋರ ಹಳ್ಳಿ, ಎದುರಿನ ಕೊಸುಮೆಲ್ ದ್ವೀಪಕ್ಕೆ ದೋಣಿ ಹತ್ತೋ ಜಾಗ ಅಷ್ಟೇ. ಹಂಗಾಗಿ ಅಲ್ಲಿ ಎಲ್ರೂ ಎಲ್ಲಿಂದ್ಲೋ ಬಂದೋರೇ. ವೇಟರ್ ಮೆಕ್ಸಿಕೋದ್ದೇ ಇನ್ನೊಂದು ರಾಜ್ಯ ಚಿಯಾಪಾಸ್ ಕಡೆಯವ್ನು, ರೂಮ್ ಕ್ಲೀನ್ ಮಾಡೋಳು ತಬಾಸ್ಕೋದವ್ಳು, ಅಡುಗೆಯವ್ನು ವೆರಾಕ್ರೂಸ್‌ನವ್ನು. ಇವ್ರ ಮೇಲೆ ಇನ್ನೊಂದು ಪದರ, ಚಳಿಗಾಲ ಕಳಿಯೋಕೆ ಡಿಸೆಂಬರ್‌ನಲ್ಲಿ ಬಂದು ಏಪ್ರಿಲ್‌ಗೆ ಹೊರಡೋ ಕೆನಡಾ ಅಮೆರಿಕದವ್ರು. ಇಂಗ್ಲಿಷ್ ಬರುತ್ತಲ್ಲ ಅಂತ ನಾನು ಹೋಗಿ ಇವ್ರ ಜೊತೆನೇ ಗಂಟುಬಿದ್ದೆ, ಯೋಗ ಕ್ಲಾಸು, ಕಾಫಿ, ಕಿಂತಾ ಅವೆನೀದಾ ಅನ್ನೋ ಅವ್ರ ಎಂಜಿ ರೋಡಲ್ಲಿ ಸಂಜೆ ವಾಕು, ಏಪ್ರಿಲ್ ಬಂತು ನೋಡಿ, ಜಾತ್ರೆ ಮುಗಿದ ಬಯಲಾಯ್ತು. ನಿಮ್ಮ ಮಗಳೂ ಇದನ್ನೇ ಮಾಡಿರ್ತಾಳೆ, ಪಂದ್ಯ ಕಟ್ತೀನಿ.

ನಂಗೆ ಅಲ್ಲಿ ನಿಜವಾದ ಗೆಳತಿ ಸಿಕ್ಕಿದ್ದು ಸಮುದ್ರದ ದಂಡೇಲಲ್ಲ, ನೀರಿನ ಅಂಗಡೀಲಿ. ಅಲ್ಲಿ ನಲ್ಲಿ ನೀರು ಯಾರೂ ಕುಡಿಯಲ್ಲ, ನಮ್ಮೂರ ಶುದ್ಧ ನೀರಿನ ಘಟಕದ ಥರಾನೇ ಬೀದಿಬೀದೀಲಿ ಅಂಗಡಿ, ನಮ್ದೇ ಥರ 20 ಲೀಟರ್ ಕ್ಯಾನು, ಅದಕ್ಕೆ ಗರಾಫೋನ್ ಅಂತಾರೆ. ಒಂದಿನ ಗಂಡ ಡ್ಯೂಟಿ ಮೇಲೆ ಕೊಸುಮೆಲ್‌ಗೆ ಹೋಗಿದ್ರು, ಮನೇಲಿ ತೊಟ್ಟು ನೀರಿಲ್ಲ. ಕ್ಯಾನ್ ತುಂಬಿಸ್ಕೊಂಡೆ, ಎತ್ತಕ್ಕಾಗ್ತಿಲ್ಲ, ಎರಡು ಹೆಜ್ಜೆ ಹೋಗೋದು ಇಳಿಸೋದು. ಸಿಟ್ಟು ಬಂತು, ದುಪಟ್ಟಾ ತೆಗೆದು ಸಿಂಬೆ ಸುತ್ತಿದೆ, ಕ್ಯಾನ್ ಎತ್ತಿ ತಲೆ ಮೇಲಿಡಮ್ಮ ಅಂತ ಅಂಗಡಿಯವ್ಳಿಗೆ ಸನ್ನೆ ಮಾಡಿದೆ. ಅವ್ಳು ಬಾಯ್ ಬಿಟ್ಕೊಂಡು ನೋಡಿದ್ಲು, ಆಮೇಲೆ ಗಹಗಹಿಸಿ ನಕ್ಳು, ಒಳಗಿದ್ದ ಮಗಳನ್ನ ಕೂಗಿ ಕರೆದು ತೋರಿಸಿದ್ಲು, ತಲೆ ಮುಟ್ಕೊಂಡು 'ಮಿ ಅಬುವೇಲಾ, ಮಿ ಅಬುವೇಲಾ' ಅಂದ್ಲು. ನಮ್ಮಜ್ಜಿ ಅಂತ ಅರ್ಥ. ಅವ್ಳಜ್ಜಿ ಚಿಯಾಪಾಸ್‌ನ ಹಳ್ಳೀಲಿ ಹಿಂಗೇ ಹೊರ್ತಿದ್ಳಂತೆ. ನಂಗೆ ಆವಾಗ ಬರ್ತಿದ್ದ ಸ್ಪ್ಯಾನಿಷ್ ಹತ್ತೋ ಹನ್ನೆರಡೋ ಪದ, ಅವ್ಳಿಗೆ ಕನ್ನಡ ಸೊನ್ನೆ, ಆದ್ರೂ ಅರ್ಧ ಗಂಟೆ ಮಾತಾಡಿದ್ವಿ.

ಅದಕ್ಕೇ ಹೇಳ್ತಿರೋದು, ಮಗಳಿಗೆ ಹೇಳಿ ನೀರು, ತರಕಾರಿ, ತೋರ್ತಿಯಾ ತರೋಕೆ ತಾನೇ ಹೋಗ್ಲಿ, ಫೋನ್‌ನಲ್ಲಿ ಆರ್ಡರ್ ಮಾಡೋದು ಬಿಡ್ಲಿ. ತೋರ್ತಿಯಾ ಅಂದ್ರೆ ಅವ್ರ ಜೋಳದ ರೊಟ್ಟಿ, ಮೆಕ್ಕೆಜೋಳನ ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬಿ ಮಾಡ್ತಾರೆ, ಬೀದಿ ಅಂಗಡೀಲಿ ಕೆಜಿ ಲೆಕ್ಕದಲ್ಲಿ ಬಿಸಿಬಿಸಿ ಸಿಗುತ್ತೆ, ಹೆಂಗಸ್ರು ಮನೆಯಿಂದ ಬಟ್ಟೆ ತಂದು ಸುತ್ಕೊಂಡು ಹೋಗ್ತಾರೆ, ಆ ಕ್ಯೂನಲ್ಲಿ ಸಿಗೋ ಸುದ್ದಿ ಬೇರೆಲ್ಲೂ ಸಿಗಲ್ಲ. ಒಂದು ವಿಷ್ಯ, ಅಂಗಡಿ ಮೆಟ್ಟಿಲು ಹತ್ತಿದ ತಕ್ಷಣ 'ಬ್ವೇನೋಸ್ ದಿಯಾಸ್' ಅನ್ಲೇಬೇಕು, ಅವ್ರ ಗುಡ್ ಮಾರ್ನಿಂಗ್ ಅದು. ನಾನು ಮೊದ್ಲೆಲ್ಲಾ ನೆಟ್ಟಗೆ ಹೋಗಿ 'ಎಷ್ಟು' ಅಂತ ಕೇಳ್ತಿದ್ದೆ, ಅವ್ರ ಲೆಕ್ಕದಲ್ಲಿ ಅದು ಚಪ್ಪಲಿ ಹಾಕ್ಕೊಂಡು ಅಡುಗೆಮನೆಗೆ ನುಗ್ಗಿದ ಹಂಗೆ.

ಬರ್ತೀವಿ ಅಂದು ಬರಲ್ಲ ಅಂತಾಳಲ್ಲ, ಅದಕ್ಕೆ ಬೇಜಾರು ಮಾಡ್ಕೊಳೋದು ಬೇಡ. ಮುಖ ನೋಡ್ಕೊಂಡು ಇಲ್ಲ ಅನ್ನೋದು ಅವ್ರಿಗೆ ಕಷ್ಟ. ನಾವು 'ನೋಡಣ ಬಿಡಿ' ಅಂದ್ರೆ ಏನರ್ಥ ಅಂತ ನಿಮಗೂ ಗೊತ್ತು ನಂಗೂ ಗೊತ್ತು, ಅವ್ರ 'ಆವೋರೀತಾ' ಅದರ ತಂಗಿ, ಈಗ ಅಂತ ಅರ್ಥ, ಐದು ನಿಮಿಷಾನೂ ಆಗ್ಬೋದು, ನಾಳೆನೂ ಆಗ್ಬೋದು. ಏಳಕ್ಕೆ ಊಟಕ್ಕೆ ಕರೆದ್ರೆ ಸ್ವಲ್ಪ ತಡವಾಗಿ ಬರೋದೇ ಅಲ್ಲಿ ಮರ್ಯಾದೆ. ಅದಕ್ಕೆ ಕಾಯ್ತಾ ಕೂರೋ ಬದ್ಲು ಅವ್ಳೇ ಅವ್ರ ಮನೆಗೆ ಹೋಗ್ಲಿ, ಕೈಯಲ್ಲಿ ಏನಾದ್ರೂ ಹಿಡ್ಕೊಂಡು.

ಜನವರಿ 6ಕ್ಕೆ ಅಲ್ಲಿ ಬಳೆ ಆಕಾರದ ಒಂದು ದೊಡ್ಡ ಬ್ರೆಡ್ ಕತ್ತರಿಸ್ತಾರೆ, ರೋಸ್ಕಾ ಅಂತ, ಒಳಗೆ ಪ್ಲಾಸ್ಟಿಕ್‌ನ ಪುಟಾಣಿ ಮಗು ಇರುತ್ತೆ, ಯಾರ ತುಂಡಲ್ಲಿ ಅದು ಸಿಗುತ್ತೋ ಅವ್ರು ಫೆಬ್ರವರಿ 2ಕ್ಕೆ ಎಲ್ರಿಗೂ ತಮಾಲ್ ತಿನ್ನಿಸ್ಬೇಕು. ತಮಾಲ್ ಅಂದ್ರೆ ಮೆಕ್ಕೆಜೋಳದ ಹಿಟ್ಟನ್ನ ಎಲೇಲಿ ಸುತ್ತಿ ಹಬೇಲಿ ಬೇಯಿಸೋದು, ಹೆಚ್ಚಿನವು ಹಂದಿ ಕೊಬ್ಬು ಹಾಕಿದ್ದು. ನೀರಿನ ಅಂಗಡಿಯವ್ಳ ಮನೇಲಿ ಆ ಮಗು ನನ್ನ ಹಲ್ಲಿಗೇ ಸಿಕ್ತು. ಕೊಬ್ಬು ನಾನು ಮುಟ್ಟಲ್ಲ, ಏನ್ ಮಾಡ್ಲಿ, ಊರಿಂದ ತಂದಿದ್ದ ತೊಗರಿಬೇಳೆ ನೆನೆಹಾಕಿ ಸಬ್ಬಸಿಗೆ ಸೊಪ್ಪು ಹಾಕಿ ನುಚ್ಚಿನುಂಡೆ ಮಾಡಿ ಒಂದೊಂದನ್ನೂ ಬಾಳೆಎಲೇಲಿ ಕಟ್ಟಿ ತಗೊಂಡೋದೆ. ಹದಿನಾಲ್ಕು ಜನ ಬಿಚ್ಚಿ ಬಿಚ್ಚಿ ತಿಂದ್ರು, ಅಬನೇರೋ ಮೆಣಸಿನಕಾಯಿ ಚಟ್ನಿ ಸುರ್ಕೊಂಡು. ಮಾರನೇ ವರ್ಷ ಮಗು ಬೇರೆಯವ್ರಿಗೆ ಸಿಕ್ರೂ ತಮಾಲ್ ನಿಂದೇ ಇರ್ಲಿ ಅಂದ್ರು.

ಕರೆಸ್ಕೊಳ್ಬೇಡಿ ಅಮ್ಮಾ, ಇನ್ನೊಂದು ವರ್ಷ ನೋಡಿ. ಆದ್ರೆ 'ಸಮುದ್ರ ನೋಡ್ಕೊಂಡು ಆರಾಮಾಗಿದೀಯಲ್ಲ ನಿಂಗೇನು' ಅಂತ ಮಾತ್ರ ಅನ್ಬೇಡಿ. ಬೇಸಿಗೇಲಿ ಆ ಸಮುದ್ರ ಸರ್ಗಾಸೋ ಅನ್ನೋ ಕಂದು ಪಾಚಿನ ರಾಶಿರಾಶಿ ತಂದು ದಡಕ್ಕೆ ಹಾಕುತ್ತೆ, ಕೊಳೆತ್ರೆ ಕೆಟ್ಟ ಮೊಟ್ಟೆ ವಾಸ್ನೆ, ನನ್ನ ಬೆಳ್ಳಿ ಕಾಲ್ಗೆಜ್ಜೆ ಕಪ್ಪಾಗಿತ್ತು ಅದರ ಗಾಳಿಗೆ.

ಪ್ರಶ್ನೆ: ಅಕ್ಕಾ, ಕಾನ್ಕೂನ್ ಹೋಟೆಲ್ ಕಿಚನ್‌ನಲ್ಲಿ ಒಂದು ವರ್ಷ ಮುಗಿಸಿ ರಜಕ್ಕೆ ಬಂದಿದೀನಿ. ಅಲ್ಲಿ ಜೊತೆ ಕೆಲಸದವ್ರು 'ತಾಂದಾ'ಗೆ ಸೇರು ಅಂದ್ರು, ನಮ್ಮಪ್ಪ ಚೀಟಿಲಿ ದುಡ್ಡು ಕಳ್ಕೊಂಡಿದ್ದು ನೋಡಿದೀನಿ, ಆಗಲ್ಲ ಅಂದೆ. ಅವತ್ತಿಂದ ಭಾನುವಾರ ಬೀಚ್ ಫುಟ್ಬಾಲ್‌ಗೂ ಕರೀತಿಲ್ಲ. (ಅಡುಗೆಯವ್ನು, ಚಿಂತಾಮಣಿ)

ಅವ್ರಿಗೆ ಬೇಜಾರಾಗಿರೋದು ದುಡ್ಡಿಗಲ್ಲ ಕಣಪ್ಪ. ತಾಂದಾ ನಮ್ಮ ಚೀಟಿ ಥರಾನೇ ಕಾಣುತ್ತೆ, ಆದ್ರೆ ಅದರಲ್ಲಿ ಕೂಗೋದಿಲ್ಲ, ಕಮಿಷನ್ ಇಲ್ಲ. ಅಲ್ಲಿ ಸಂಬಳ 15ಕ್ಕೊಂದ್ಸಲ, ತಿಂಗಳ ಕೊನೆಗೊಂದ್ಸಲ ಅಲ್ವಾ, ಹತ್ತು ಜನ ಸಂಬಳದ ದಿನ ಸಾವಿರ ಸಾವಿರ ಪೆಸೊ ಹಾಕಿದ್ರೆ ಒಬ್ಬನಿಗೆ ಹತ್ತು ಸಾವಿರ, ಐದು ತಿಂಗಳಲ್ಲಿ ಎಲ್ರದ್ದೂ ಒಂದೊಂದು ಸುತ್ತು. ಕಾಗದ ಪತ್ರ ಏನಿಲ್ಲ, ನಂಬಿಕೆನೇ ಬಾಂಡು. ನೀನು ಬರೀ ಆಗಲ್ಲ ಅಂದಾಗ ಅವ್ರಿಗೆ ಕೇಳಿಸಿದ್ದು 'ನಿಮ್ಮನ್ನ ನಂಬಲ್ಲ' ಅಂತ.

ಹಾಗಂತ ನೀನು ಹೆದರಿದ್ದು ತಪ್ಪು ಅಂತಾನೂ ನಾನನ್ನಲ್ಲ. ಟೂರಿಸ್ಟ್ ಊರಲ್ಲಿ ಸೆಪ್ಟೆಂಬರ್ ಅಕ್ಟೋಬರ್ ಬಂದ್ರೆ ರೂಮ್ ಖಾಲಿ, ಕಾಂಟ್ರಾಕ್ಟ್ ಮುಗೀತು ಅಂತ ಕಳಿಸಿಬಿಡ್ತಾರೆ, ಮೊದಲ ನಂಬರ್ ಎತ್ತಿದವ್ನು ಊರಿಗೆ ಬಸ್ ಹತ್ತಿದ್ರೆ ಉಳಿದವ್ರ ಗತಿ? ನಂಗೆ ಗೊತ್ತಿದ್ದ ಒಂದು ತಾಂದಾ ಹಿಂಗೇ ಏಳನೇ ನಂಬರಿಗೆ ಮುರೀತು. ವಾಪಸ್ ಹೋದ್ಮೇಲೆ ಶಿಫ್ಟ್ ಮುಗಿಸಿ ಟಾಕೋ ತಿನ್ನೋವಾಗ ನಿಮ್ಮಪ್ಪನ ಕತೆ ಹೇಳು, ಪೂರ್ತಿ ಹೇಳು, ಮೊಬೈಲ್‌ನಲ್ಲಿ ಟ್ರಾನ್ಸ್‌ಲೇಟ್ ಮಾಡ್ಕೊಂಡಾದ್ರೂ ಹೇಳು. ಆ ಜನಕ್ಕೆ ಅಪ್ಪ ಅಮ್ಮನ ಕಷ್ಟ ಹೇಳಿದ್ರೆ ಬೇರೆ ವಿವರಣೆ ಬೇಕಿಲ್ಲ. ಸೇರಲೇಬೇಕು ಅನ್ಸಿದ್ರೆ ಹೋದ್ರೂ ನಿದ್ದೆ ಕೆಡದಷ್ಟು ಹಾಕು, ಡಿಸೆಂಬರ್‌ನಲ್ಲಿ ಸೇರು, 20ನೇ ತಾರೀಕಿನೊಳಗೆ ಅಗಿನಾಲ್ದೋ ಅನ್ನೋ ವರ್ಷದ ಕೊನೆ ಬೋನಸ್ ಬರುತ್ತೆ, ಕಾನೂನು ಪ್ರಕಾರ ಕನಿಷ್ಠ 15 ದಿನದ ಸಂಬಳ, ಆ ತಿಂಗಳು ಯಾರ ಕೈಯೂ ಬರಿದಾಗಿರಲ್ಲ. ಫುಟ್ಬಾಲ್‌ಗೆ ಕರೆಯೋವರೆಗೂ ಯಾಕೆ ಕಾಯ್ತೀಯ? ಬೀಚು ಹೋಟೆಲಿನವ್ರದ್ದಲ್ಲ, ಮೆಕ್ಸಿಕೋದಲ್ಲಿ ಎಲ್ಲಾ ಬೀಚೂ ಸಾರ್ವಜನಿಕರದ್ದೇ, ಐಸ್ ಹಾಕಿದ ಮಜ್ಜಿಗೆ ಒಂದು ಬಕೆಟ್ ತಗೊಂಡು ಹೋಗಿ ಬೌಂಡರಿ ಪಕ್ಕ ನಿಂತ್ಕೋ. ಮತ್ತೆ, ಜೊತೆಯವ್ರಿಗೆ 'ಗ್ವೇ' ಅಂತೀಯಲ್ಲ, ನಮ್ಮ 'ಲೋ ಮಗಾ' ಥರದ್ದು, ಬಾಯ್ತಪ್ಪಿ ದೊಡ್ಡ ಶೆಫ್‌ಗೆ ಅನ್ಬೇಡ, ಅವ್ರಿಗೆ ಉಸ್ತೇದ್, ಅಂದ್ರೆ ನೀವು.

ಪ್ರಶ್ನೆ: ನಮ್ಮ ಜಿಲ್ಲೇಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ಮೆಕ್ಸಿಕೋದ ಆ ಬೀಚ್ ಊರುಗಳ ಕಡೆನೂ ನದಿ ಇಲ್ವಂತೆ, ನಿಜಾನಾ? (ಪಿಯುಸಿ ವಿದ್ಯಾರ್ಥಿ, ಕೋಲಾರ)

ನಿಜ. ಅದು ಸುಣ್ಣಕಲ್ಲಿನ ನೆಲ, ಬಿದ್ದ ಮಳೆ ಮೇಲೆ ಹರಿಯೋದೇ ಇಲ್ಲ, ಸೋರಿ ಒಳಗೆ ಹೋಗಿ ಗುಹೆಗಳಲ್ಲಿ ಹರಿಯುತ್ತೆ. ಕೆಲವು ಕಡೆ ಗುಹೆ ಚಾವಣಿ ಕುಸಿದು ಬಾವಿ ಥರ ಬಾಯ್ ಬಿಟ್ಕೊಂಡಿರುತ್ತೆ, ಅದಕ್ಕೆ ಸೆನೋತೆ ಅಂತಾರೆ, ಅಲ್ಲಿನ ಮೂಲನಿವಾಸಿ ಮಾಯಾ ಜನ ಊರು ಕಟ್ಟಿದ್ದೇ ಅವನ್ನ ನಂಬ್ಕೊಂಡು. ಅದೇ ಕರಾವಳಿಯ ತುಲುಮ್ ಅನ್ನೋ ಊರ ಹತ್ರ ಎರಡು ಗುಹೆ ಒಳಗೊಳಗೇ ಸೇರಿವೆ ಅಂತ 2018ರಲ್ಲಿ ಮುಳುಗುಗಾರರು ಕಂಡುಹಿಡಿದ್ರು, ಸೇರಿಸಿದ್ರೆ ಸುಮಾರು 347 ಕಿ.ಮೀ. ಅಂತರಗಂಗೆ ಅನ್ನೋ ಹೆಸರು ನಿಮ್ಮ ಬೆಟ್ಟಕ್ಕಿಂತ ಅಲ್ಲಿಗೇ ಜಾಸ್ತಿ ಒಪ್ಪುತ್ತೆ, ಕೋಪ ಮಾಡ್ಕೋಬೇಡ. ನಮ್ಮ ಕಲ್ಯಾಣಿ ಕಟ್ಟೆ ಮೇಲೆ ಕೂತು ಹರಟೋ ಥರಾನೇ ಭಾನುವಾರ ಮನೆಮಂದಿಯೆಲ್ಲ ಬುತ್ತಿ ಕಟ್ಕೊಂಡು ಅಲ್ಲಿಗೆ ಬರ್ತಾರೆ.

ಪ್ರಶ್ನೆ: ನರಸಾಪುರದ ಕಂಪನೀಲಿ ನನ್ನ ಜೊತೆ ಕೆಲಸ ಮಾಡೋ ಹುಡುಗಿ ಪ್ಲಾಯಾ ಊರಿನವ್ಳೇ. ಹಬ್ಬಕ್ಕೆ ಮನೆಗೆ ಕರೆದಿದೀನಿ. ಏನ್ ತಿನ್ಸೋದು, ಎಲ್ಲಿಗೆ ಕರ್ಕೊಂಡು ಹೋಗೋದು? ಮನೇಲಿ ಅಜ್ಜಿ ಸ್ವಲ್ಪ ಮಡಿ. (ಮಾಲೂರು)

ಬೆಂಗಳೂರಿನ ಮಾಲ್‌ಗೆ ಮಾತ್ರ ಬೇಡ. ಬೆಳಿಗ್ಗೆ ಬೆಳಿಗ್ಗೆ ಕೋಲಾರದ ಎಪಿಎಂಸಿ ಟೊಮೇಟೊ ಯಾರ್ಡ್‌ಗೆ ಕರ್ಕೊಂಡು ಹೋಗಿ, ಏಷ್ಯಾದ ದೊಡ್ಡ ಟೊಮೇಟೊ ಮಾರ್ಕೆಟ್‌ಗಳಲ್ಲಿ ಅದೂ ಒಂದು, ಆ ಬಾಕ್ಸುಗಳ ಗೋಪುರ, ಆ ಹರಾಜಿನ ಕೂಗು ನೋಡ್ಲಿ. ಟೊಮೇಟೊ ಅನ್ನೋ ಹೆಸರೇ ಅವ್ರ ಹಳೇ ನಾವಾತ್ಲ್ ಭಾಷೆಯ ತೊಮಾತ್ಲ್‌ನಿಂದ ಬಂದಿದ್ದು. ಮೆಣಸಿನಕಾಯಿ ಆ ಕಡೆದು, ಸಪೋಟ ಆ ಕಡೆದು, ಬೇಲಿ ಕತ್ತಾಳೆ ಆ ಕಡೆದು, ನಾವು ಹಬ್ಬಕ್ಕೆ ಬಾಗಿಲಿಗೆ ಕಟ್ಟೋ ಚೆಂಡು ಹೂವೂ ಆ ಕಡೆದು. ಚೆಂಡು ಹೂವನ್ನ ಅವ್ರು ನವೆಂಬರ್ 1, 2ಕ್ಕೆ ಸತ್ತ ಹಿರಿಯರ ಫೋಟೋ ಮುಂದೆ ಹಾಕಿ, ಅವ್ರಿಗಿಷ್ಟ ಆದ ಅಡುಗೆ ಎಡೆ ಇಡ್ತಾರೆ, ಥೇಟ್ ನಮ್ಮ ಮಹಾಲಯ ಅಮಾವಾಸ್ಯೆ. ಇದನ್ನ ಅಜ್ಜಿಗೆ ಹೇಳಿ, ಅರ್ಧ ಮಡಿ ಅಲ್ಲೇ ಸಡಿಲ ಆಗುತ್ತೆ.

ತಿನ್ಸೋಕೆ ತಲೆ ಕೆಡಿಸ್ಕೋಬೇಡಿ. ಮಾವಿನಕಾಯಿಗೆ ಉಪ್ಪು ಖಾರ ಹಾಕಿ ಕೊಡಿ, ಅವ್ರೂ ಹಂಗೇ ತಿನ್ನೋದು. ಹುಣಸೆಹಣ್ಣಿನ ಪಾನಕ ಅಂದ್ರೆ ಪ್ರಾಣ. ಬಸ್ಸಾರು ಮುದ್ದೆ ಕೊಡಿ, ಆದ್ರೆ ಮುದ್ದೆ ಅಗಿಬಾರ್ದು ನುಂಗ್ಬೇಕು ಅಂತ ಮೊದ್ಲೇ ತೋರ್ಸಿಕೊಡಿ.

ಅವ್ಳು ಬಂದ ತಕ್ಷಣ ಮನೇಲಿರೋ ಎಲ್ರಿಗೂ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು ಕೊಟ್ಟೇ ಕೊಡ್ತಾಳೆ, ಅವ್ರಲ್ಲಿ ನಮಸ್ಕಾರ ಅಂದ್ರೆ ಅದೇ. ಅಜ್ಜಿಗೆ ಮೊದ್ಲೇ ಒಂದು ಮಾತು ಕಿವೀಲಿ ಹಾಕಿಡಿ. ನೀರಿನ ಅಂಗಡಿ ಗೆಳತಿ ವಿಡಿಯೋ ಕಾಲಲ್ಲಿ ನಮ್ಮತ್ತೆಗೆ ಮುತ್ತು ಕೊಟ್ಟಿದ್ಲು, ನಮ್ಮತ್ತೆ ಏನೂ ಮಾತಾಡ್ಲಿಲ್ಲ, ಸೆರಗಲ್ಲಿ ಫೋನ್ ಒರೆಸಿ ನನ್ನ ಕೈಗೆ ವಾಪಸ್ ಕೊಟ್ರು.