ಸಿಗಡಿಗೂ ಮಿಡತೆಗೂ ಏನು ನಂಟು?

ಪ್ರಶ್ನೆ: ಸಿಗಡಿ, ಏಡಿ ಎಲ್ಲವೂ ಸಮುದ್ರದ ಹುಳುಗಳೇ ಎಂದು ನನ್ನ ಗೆಳೆಯ ವಾದಿಸುತ್ತಾನೆ. ನೋಡಲು ಒಂದೇ ಥರ ಇವೆ, ಒಪ್ಪುತ್ತೇನೆ. ಆದರೆ ಜಿರಳೆಗೂ ಸಿಗಡಿಗೂ ನಿಜವಾದ ನಂಟು ಇದೆಯಾ? ಇದ್ದರೆ ಕಪ್ಪೆಚಿಪ್ಪು, ಸಿಂಪಿಗಳೂ ಅದೇ ಬಳಗವೇ?

ಉತ್ತರ: ನಂಟು ಇದೆ, ನಿಮ್ಮ ಗೆಳೆಯ ಅಂದುಕೊಂಡದ್ದಕ್ಕಿಂತಲೂ ಹತ್ತಿರದ ನಂಟು. ಆದರೆ ಅವರು ಅದನ್ನು ತಲೆಕೆಳಗು ಮಾಡಿ ಹೇಳಿದ್ದಾರೆ. ಸಿಗಡಿಯನ್ನು ಕಡಲಿನ ಕೀಟ ಎನ್ನುವ ಬದಲು, ಕೀಟವನ್ನೇ ನೆಲ ಹತ್ತಿದ ಸಿಗಡಿ ಬಳಗ ಎನ್ನಬೇಕು. ಕಪ್ಪೆಚಿಪ್ಪಿನ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಸಿಗಡಿ, ಏಡಿ, ಲಾಬ್‌ಸ್ಟರ್‌ಗಳ ಗುಂಪಿಗೆ ಕ್ರಸ್ಟೇಶಿಯನ್ ಎನ್ನುತ್ತಾರೆ. ಇವು, ಕೀಟಗಳು, ಜೊತೆಗೆ ಜೇಡ, ಚೇಳು, ಜರಿ, ಸಾವಿರಕಾಲಿನ ಹುಳು ಎಲ್ಲವೂ ಸಂಧಿಪದಿಗಳು. ಶಾಲೆಯಲ್ಲಿ ಓದಿದ್ದು ನೆನಪಿರಬಹುದು: ಒಳಗೆ ಮೂಳೆ ಇಲ್ಲ, ಹೊರಗೆ ಕೈಟಿನ್ ಎಂಬ ವಸ್ತುವಿನ ಕವಚ, ಗೆಣ್ಣುಗೆಣ್ಣಾದ ಕಾಲು. ಏಡಿಯ ಕವಚಕ್ಕೆ ಸುಣ್ಣದ ಅಂಶವೂ ಸೇರಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ. ಈ ಕವಚ ಮೈಯ ಜೊತೆ ಬೆಳೆಯುವುದಿಲ್ಲ. ಹಾಗಾಗಿ ಪ್ರಾಣಿ ದೊಡ್ಡದಾಗಬೇಕಾದರೆ ಹಳೆಯದನ್ನು ಕಳಚಲೇಬೇಕು.

ಕಳಚು ಎಂದು ಮೈಗೆ ಹೇಳುವ ಹಾರ್ಮೋನಿನ ಕಥೆ ನನಗೆ ಬಹಳ ಇಷ್ಟ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಸುಮಾರು 500 ಕಿಲೋ ರೇಷ್ಮೆಹುಳುವಿನ ಕೋಶಾವಸ್ಥೆಯ ಹುಳುಗಳನ್ನು ಅರೆದು, ಸೋಸಿ, ಕೊನೆಗೆ ಬರೀ 25 ಮಿಲಿಗ್ರಾಂ ಹಾರ್ಮೋನು ಪಡೆದರು. ಅದಕ್ಕೆ ಎಕ್ಡೈಸೋನ್ ಎಂದು ಹೆಸರಾಯಿತು. 1966ರಲ್ಲಿ ಲಾಬ್‌ಸ್ಟರ್ ಜಾತಿಯ ಪ್ರಾಣಿಯಿಂದ ತೆಗೆದ ಹಾರ್ಮೋನೂ ಹೆಚ್ಚುಕಮ್ಮಿ ಅದೇ ಅಣು, ಅದರದೇ ಒಂದು ರೂಪ, ಮತ್ತು ಕೀಟದ ಮೈಯಲ್ಲಿ ಪೊರೆ ಬಿಡಿಸುವ ಕೆಲಸ ಮುಖ್ಯವಾಗಿ ಆ ರೂಪದ್ದೇ ಎಂದು ತಿಳಿಯಿತು. ಇದು ಪುಸ್ತಕದಲ್ಲಷ್ಟೇ ಉಳಿಯುವ ವಿಷಯ ಅಲ್ಲ. ಹುಳುಗಳಲ್ಲಿ ಹೊಸ ಕವಚ ಬೆಳೆಯದಂತೆ ತಡೆಯುವ ಕೀಟನಾಶಕ ಹರಿದು ಕೊಳಕ್ಕೆ ಸೇರಿದರೆ ಸಿಗಡಿ, ಏಡಿಮರಿಗಳೂ ಸಾಯುತ್ತವೆ. ಔಷಧಿಗೆ ಇವೆರಡರಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಇಷ್ಟೇ ಆದರೆ ಜೇಡವೂ ಅಷ್ಟೇ ಹತ್ತಿರ ಅಲ್ವಾ, ಅದೂ ಪೊರೆ ಬಿಡುತ್ತದಲ್ಲ ಎಂದು ನೀವು ಕೇಳಬಹುದು. ಸರಿಯಾದ ಅನುಮಾನ. ತುಂಬ ಕಾಲ ವಿಜ್ಞಾನಿಗಳು ಕೀಟಗಳನ್ನು ಜರಿ, ಸಾವಿರಕಾಲಿನ ಹುಳುಗಳ ಪಕ್ಕದಲ್ಲೇ ಇಡುತ್ತಿದ್ದರು. ಕಾರಣ ಸಿಂಪಲ್: ಎರಡಕ್ಕೂ ಒಂದೇ ಜೊತೆ ಕುಡಿಮೀಸೆ, ಎರಡೂ ಮೈಯೊಳಗಿನ ಗಾಳಿ ಕೊಳವೆಗಳಿಂದ ಉಸಿರಾಡುತ್ತವೆ. ಸಿಗಡಿಗೆ ಎರಡು ಜೊತೆ ಮೀಸೆ, ಉಸಿರಾಟಕ್ಕೆ ಕಿವಿರು. ಆದರೆ ಕಣ್ಣಿನ ರಚನೆಯನ್ನೂ ಭ್ರೂಣದಲ್ಲಿ ನರಗಳು ಮೂಡುವ ರೀತಿಯನ್ನೂ ನೋಡಿದವರಿಗೆ ಕೀಟ ಮತ್ತು ಸಿಗಡಿ ವಿಚಿತ್ರವಾಗಿ ಹೊಂದುತ್ತಿದ್ದವು. 1998ರಲ್ಲಿ ಇನ್ನೊಂದು ಸಾಕ್ಷಿ ಬಂತು. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಜೀನ್‌ಗಳು ಒಂದು ಸಾಲಿನಲ್ಲಿರುತ್ತವೆ. ಅದರಲ್ಲಿ ಒಂದು ಚಿಕ್ಕ ಜೀನ್ ಕೀಟಗಳಲ್ಲೂ ಕ್ರಸ್ಟೇಶಿಯನ್‌ಗಳಲ್ಲೂ ಜಾಗ ಬದಲಿಸಿ ಒಂದೇ ಕಡೆ ಕೂತಿದೆ, ಜೇಡದಲ್ಲಿ ಜರಿಯಲ್ಲಿ ಹಾಗಿಲ್ಲ. ಇಂಥದ್ದು ಎರಡು ಕಡೆ ಬೇರೆಬೇರೆಯಾಗಿ ನಡೆಯುವುದು ತೀರಾ ಅಪರೂಪ. 2010ರಲ್ಲಿ 75 ಜಾತಿಗಳ 62 ಜೀನ್‌ಗಳನ್ನು ಹೋಲಿಸಿದ ದೊಡ್ಡ ಅಧ್ಯಯನವೂ ಅದನ್ನೇ ಹೇಳಿತು: ಕೀಟಗಳ ಕೊಂಬೆ ಕ್ರಸ್ಟೇಶಿಯನ್ ಮರದ ಒಳಗಿನಿಂದಲೇ ಹುಟ್ಟಿದೆ. ಗಾಳಿ ಕೊಳವೆಗಳು ಜರಿಯಲ್ಲೂ ಕೀಟದಲ್ಲೂ ಬೇರೆಬೇರೆಯಾಗಿ ಬಂದವು, ಒಣ ನೆಲದಲ್ಲಿ ಬದುಕಲು ಅದು ಇಬ್ಬರಿಗೂ ಬೇಕಿತ್ತು.

ಹಾಗಾದರೆ ಕೀಟಗಳಿಗೆ ತೀರಾ ಹತ್ತಿರದವರು ಯಾರು? ಸಿಗಡಿಯೂ ಅಲ್ಲ, ಏಡಿಯೂ ಅಲ್ಲ. ರೆಮಿಪೀಡ್ ಎಂಬ, ಹೆಚ್ಚಿನವರು ಹೆಸರೇ ಕೇಳದ ಪ್ರಾಣಿ. 1979ರಲ್ಲಿ ಬಹಾಮಾಸ್ ದ್ವೀಪಗಳ ನೀರು ತುಂಬಿದ ಗುಹೆಯೊಂದರಲ್ಲಿ ಡೈವಿಂಗ್ ಮಾಡುತ್ತಿದ್ದ ಜೀವವಿಜ್ಞಾನಿ ಜಿಲ್ ಯೇಗರ್ ಅವರ ಕಣ್ಣಿಗೆ ಮೊದಲು ಬಿತ್ತು. ಬಣ್ಣವಿಲ್ಲ, ಕಣ್ಣಿಲ್ಲ, ಉದ್ದಕ್ಕೂ ಕಾಲುಗಳು, ಅಂಗಾತ ಈಜುತ್ತದೆ, ಬೇಟೆಗೆ ವಿಷವನ್ನೂ ಚುಚ್ಚುತ್ತದೆ. ಅದನ್ನು ನೋಡಿದರೆ ಚಿಟ್ಟೆಯ ದಾಯಾದಿ ಎಂದು ಯಾರಿಗೂ ಹೊಳೆಯಲ್ಲ. ಆದರೆ ಜೀನ್‌ಗಳ ಲೆಕ್ಕ ಮತ್ತೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದೆ.

ಕೀಟಗಳ ಕವಲು ಒಡೆದು ಸುಮಾರು 48 ಕೋಟಿ ವರ್ಷ ಆಗಿರಬಹುದು ಎಂಬ ಅಂದಾಜಿದೆ. ಇಷ್ಟಾದರೂ ಹಳೆಯ ಮನೆಯ ಗುರುತು ಅಲ್ಲಲ್ಲಿ ಉಳಿದಿದೆ. ಏಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ಹೀಮೋಸಯನಿನ್ ಎಂಬ ತಾಮ್ರದ ಪ್ರೋಟೀನು. ಹೆಚ್ಚಿನ ಕೀಟಗಳು ಅದನ್ನು ಬಿಟ್ಟುಬಿಟ್ಟಿವೆ, ಆದರೆ ಹೊಳೆ ಬದಿಯ ಸ್ಟೋನ್‌ಫ್ಲೈ ಎಂಬ ಕೀಟದ ರಕ್ತದಲ್ಲಿ ಅದು ಇವತ್ತೂ ಕೆಲಸ ಮಾಡುತ್ತಿದೆ! ರೆಕ್ಕೆಯ ವಿಷಯ ಇನ್ನೂ ಸೊಗಸು. 2020ರಲ್ಲಿ ಹೀದರ್ ಬ್ರೂಸ್ ಮತ್ತು ನಿಪಮ್ ಪಟೇಲ್ ಒಂದು ಪುಟ್ಟ ಕ್ರಸ್ಟೇಶಿಯನ್‌ನಲ್ಲಿ ಕಾಲಿನ ಗೆಣ್ಣುಗಳನ್ನು ರೂಪಿಸುವ ಜೀನ್‌ಗಳನ್ನು ಒಂದೊಂದಾಗಿ ಕೆಡಿಸಿ ನೋಡಿದರು. ಹಳೆಯ ಪೂರ್ವಜನ ಕಾಲಿನ ಬುಡದ ಭಾಗ ಕೀಟಗಳಲ್ಲಿ ಮೈಗೋಡೆಗೆ ಸೇರಿಹೋಗಿದೆ, ಆ ಭಾಗದಲ್ಲಿದ್ದ ಚಾಚುವಿಕೆಯೇ ಬೆನ್ನಿಗೆ ಸರಿದು ರೆಕ್ಕೆಯಾಗಿದೆ ಎಂಬುದು ಅವರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ. ನನಗಂತೂ ಈವರೆಗಿನ ವಿವರಣೆಗಳಲ್ಲಿ ಇದೇ ಹೆಚ್ಚು ಸರಿ ಅನ್ನಿಸುತ್ತದೆ.

ಈಗ ಕಪ್ಪೆಚಿಪ್ಪು, ಸಿಂಪಿ. ಇವು ಮೃದ್ವಂಗಿಗಳು, ಬಸವನಹುಳು ಮತ್ತು ಆಕ್ಟೋಪಸ್‌ಗಳ ಕಡೆಯವು. ಇವುಗಳ ಚಿಪ್ಪು ಕಳಚುವಂಥದ್ದಲ್ಲ, ಅಂಚಿಗೆ ಸುಣ್ಣ ಸೇರುತ್ತಾ ಪ್ರಾಣಿಯ ಜೊತೆಯೇ ದೊಡ್ಡದಾಗುತ್ತದೆ. ಸಿಂಪಿಗೆ ಸಿಗಡಿಗಿಂತ ಎರೆಹುಳುವೇ ಹತ್ತಿರದ ನೆಂಟ. ಚಿಪ್ಪು ನೋಡಿ ಮೋಸ ಹೋಗುವುದು ಸುಲಭ. ಬಂಡೆಗೆ ಅಂಟಿಕೊಂಡು ಸುಣ್ಣದ ಗೂಡಿನೊಳಗೆ ಬದುಕುವ ಬಾರ್ನಕಲ್‌ಗಳನ್ನು ದೊಡ್ಡ ದೊಡ್ಡ ಪಂಡಿತರೂ ಮೃದ್ವಂಗಿ ಎಂದೇ ನಂಬಿದ್ದರು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಅದರ ಮರಿಗಳನ್ನು ಗಮನಿಸಿದಾಗ ಅವು ಕಾಲಾಡಿಸುತ್ತಾ ಈಜುವ ಅಪ್ಪಟ ಕ್ರಸ್ಟೇಶಿಯನ್ ಮರಿಗಳಾಗಿದ್ದವು.

ಪ್ರಶ್ನೆ: ನನಗೆ ಸಿಗಡಿ ಅಲರ್ಜಿ. ಕೀಟದ ಪುಡಿ ಸೇರಿಸಿದ ಪ್ರೋಟೀನ್ ತಿಂಡಿಗಳು ಬರುತ್ತಿವೆಯಂತೆ. ತಿನ್ನಬಹುದೇ?

ಉತ್ತರ: ವೈದ್ಯರನ್ನು ಕೇಳದೆ ಬೇಡ. ಸಿಗಡಿ ಅಲರ್ಜಿಗೆ ಮುಖ್ಯ ಕಾರಣ ಟ್ರೋಪೊಮಯೋಸಿನ್ ಎಂಬ ಸ್ನಾಯುವಿನ ಪ್ರೋಟೀನು. ಮೇಲೆ ಹೇಳಿದ ನಂಟಿನಿಂದಾಗಿ ಕೀಟಗಳಲ್ಲೂ ಧೂಳಿನ ನುಸಿಗಳಲ್ಲೂ ಅದು ಬಹಳ ಹೋಲುವ ರೂಪದಲ್ಲಿದೆ, ನಿಮ್ಮ ರೋಗನಿರೋಧಕ ವ್ಯವಸ್ಥೆ ಎರಡನ್ನೂ ಒಂದೇ ಎಂದು ತಿಳಿಯಬಹುದು. ಬೇಯಿಸಿದರೆ ಹೋಗುತ್ತದೆ ಎಂದುಕೊಳ್ಳಬೇಡಿ, ಈ ಪ್ರೋಟೀನು ಬಿಸಿಗೆ ಸುಲಭವಾಗಿ ಕೆಡುವುದಿಲ್ಲ. ಯುರೋಪಿಯನ್ ಒಕ್ಕೂಟ 2021ರಲ್ಲಿ ಮೀಲ್‌ವರ್ಮ್ ಹುಳುವನ್ನು ಆಹಾರವಾಗಿ ಒಪ್ಪಿದಾಗ, ಕ್ರಸ್ಟೇಶಿಯನ್ ಅಥವಾ ಧೂಳಿನ ನುಸಿಯ ಅಲರ್ಜಿ ಇರುವವರಿಗೆ ತೊಂದರೆಯಾಗಬಹುದು ಎಂದು ಪ್ಯಾಕೆಟ್ ಮೇಲೆ ಬರೆಯಲೇಬೇಕು ಎಂದಿತು. ಸಿಂಪಿ, ಕಪ್ಪೆಚಿಪ್ಪಿನ ಟ್ರೋಪೊಮಯೋಸಿನ್ ಸ್ವಲ್ಪ ಬೇರೆ. ಸಿಗಡಿ ಆಗದ ಕೆಲವರಿಗೆ ಅವು ಆಗುತ್ತವೆ, ಕೆಲವರಿಗೆ ಆಗುವುದಿಲ್ಲ. ಮನೆಯಲ್ಲಿ ತಿಂದು ನೋಡಿ ತೀರ್ಮಾನಿಸುವ ವಿಷಯ ಇದಲ್ಲ. ಅಲರ್ಜಿ ತಜ್ಞರ ಬಳಿ ಪರೀಕ್ಷೆ ಮಾಡಿಸಿ.