ಔಷಧಿ ಹೊಡೆದ ಮೇಲೆ ಕಾಲು ಸೋತಿದೆ ಅಂತ ಕೇಳಿದ ಅಣ್ಣನಿಗೆ

ಪಾಂಡವಪುರದ ಅಣ್ಣ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಭಾಮೈದ ಟ್ಯಾಂಕಿಗೆ ಇಷ್ಟು ಅಂತ ಕೂಲಿಗೆ ಔಷಧಿ ಹೊಡೆಯುವವರು. ಹದಿನಾರು ದಿನದ ಹಿಂದೆ ಬೇರೆಯವರ ಭತ್ತದ ಗದ್ದೆಯಲ್ಲಿ ಪಂಪು ಸೋರಿ ಬೆನ್ನು, ಸೊಂಟ ಎಲ್ಲ ನೆನೆದಿದೆ. ಸಂಜೆಗೆ ವಾಂತಿ, ಬೆವರು, ಬಾಯಲ್ಲಿ ಜೊಲ್ಲು. ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾರೆ. ಈಗ ನಾಲ್ಕು ದಿನದಿಂದ ಮೀನಖಂಡ ನೋವು, ಪಾದ ಜುಮ್ ಅನ್ನುತ್ತಿದೆ, ಚಪ್ಪಲಿ ಜಾರಿ ಬಿದ್ದರೂ ಗೊತ್ತಾಗುತ್ತಿಲ್ಲ. ಅಂಗಡಿಯವರು ನಮಗೂ ಇದಕ್ಕೂ ಸಂಬಂಧ ಇಲ್ಲ ಅಂದಿದ್ದಾರೆ. ಅಮೆರಿಕದಲ್ಲಿ ಕೋಟಿಗಟ್ಟಲೆ ಪರಿಹಾರ ಕೊಟ್ಟ ವಿಡಿಯೊ ನೋಡಿ, ನಮಗೂ ಸಿಗುತ್ತಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ, ವಕೀಲನೂ ಅಲ್ಲ. ಶ್ರೀರಂಗಪಟ್ಟಣದ ಕಡೆ ಭತ್ತ, ಕಬ್ಬು ಬೆಳೆಯುವವನು. ನಮ್ಮ ಮನೆಯಲ್ಲೇ ಇದು ಆಗಿಹೋಗಿದೆ, ಅದಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಕಾಲಿನ ವಿಷಯ. ದಯವಿಟ್ಟು ಅದನ್ನು ಸುಸ್ತು ಅಂದುಕೊಂಡು ಮನೆಯಲ್ಲಿ ಎಣ್ಣೆ ತಿಕ್ಕುತ್ತಾ ಕೂರಬೇಡಿ. ನೀವು ಹಾಕಿದ ಫೋಟೊದಲ್ಲಿ ಪ್ರೊಫೆನೋಫಾಸ್ 40%, ಸೈಪರ್‌ಮೆಥ್ರಿನ್ 4% ಅಂತ ಇದೆ. ಪ್ರೊಫೆನೋಫಾಸ್ ಆರ್ಗನೋಫಾಸ್ಫೇಟ್ ಜಾತಿಯ ವಿಷ. ಈ ಜಾತಿಯ ವಿಷ ಮೂರು ಸಲ ಹೊಡೆತ ಕೊಡಬಹುದು. ಮೊದಲನೆಯದು ನೀವು ನೋಡಿದ್ದು: ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಸಾಸಿವೆಯಷ್ಟಾಗುವುದು, ಮೈ ಅದುರುವುದು, ಉಸಿರು ಕಟ್ಟುವುದು. ಇದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ. ಎರಡನೆಯದು ಒಂದರಿಂದ ನಾಲ್ಕು ದಿನದೊಳಗೆ ಬರುತ್ತದೆ. ರೋಗಿ ಹುಷಾರಾದ ಹಾಗೆ ಕಾಣುತ್ತಾನೆ, ಆಮೇಲೆ ಕುತ್ತಿಗೆ ಎತ್ತಲು ಆಗುವುದಿಲ್ಲ, ಉಸಿರಾಟದ ಸ್ನಾಯು ಸೋಲುತ್ತದೆ. ‘ಚೆನ್ನಾಗಿದ್ದಾನೆ, ಬಿಲ್ ಜಾಸ್ತಿ ಆಗುತ್ತೆ’ ಅಂತ ಎರಡನೇ ದಿನಕ್ಕೇ ಡಿಸ್ಚಾರ್ಜ್ ಮಾಡಿಸಿಕೊಂಡು ಬಂದವರು ಕೆಲವರು ದಾರಿಯಲ್ಲೇ ಹೋಗುವುದು ಇದರಿಂದ. ಮೂರನೆಯದು ಒಂದರಿಂದ ಮೂರು ವಾರಕ್ಕೆ, ಎಲ್ಲರಿಗೂ ಅಲ್ಲ, ಕೆಲವರಿಗೆ. ಮೀನಖಂಡ ನೋವಿನಿಂದ ಶುರುವಾಗಿ ಪಾದದ ನರ ಸೋಲುತ್ತದೆ. ನೀವು ಹೇಳಿದ ಚಪ್ಪಲಿ ಜಾರುವ ಲಕ್ಷಣ ಇದಕ್ಕೆ ಹತ್ತಿರ ಇದೆ. ಹೌದೋ ಅಲ್ಲವೋ ಅಂತ ನರರೋಗ ತಜ್ಞರೇ ಹೇಳಬೇಕು.

ಹಾಗಾಗಿ ನಾಳೆಯೇ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದುಕೊಂಡು ಹೋಗಿ. ನಮ್ಮ ಕಡೆಯ ಡಾಕ್ಟರುಗಳಿಗೆ ಈ ವಿಷ ಹೊಸದಲ್ಲ. 2018ರ ಡಿಸೆಂಬರ್‌ನಲ್ಲಿ ಸುಳ್ವಾಡಿ ಮಾರಮ್ಮನ ಗುಡಿಯ ಪ್ರಸಾದದಲ್ಲಿ ಬೆರೆಸಿದ್ದು ಮೊನೋಕ್ರೋಟೋಫಾಸ್, ಇದೇ ಜಾತಿಯದು. 17 ಜನ ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಅವರಲ್ಲಿ ಬಹಳ ಜನಕ್ಕೆ ಮೈಸೂರಿನ ಆಸ್ಪತ್ರೆಗಳಲ್ಲೇ ಚಿಕಿತ್ಸೆ ಆಯಿತು.

ಅಲ್ಲಿ ಎರಡು ಪರೀಕ್ಷೆ ಕೇಳಿ. ಒಂದು, ನರ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡುವ ಎನ್‌ಸಿವಿ. ಇನ್ನೊಂದು, ರಕ್ತದಲ್ಲಿ ಕೋಲಿನೆಸ್ಟರೇಸ್, ಅಂದರೆ ಈ ಜಾತಿಯ ವಿಷ ತಗ್ಗಿಸುವ ಕಿಣ್ವ, ಎಷ್ಟಿದೆ ಅಂತ. ಹದಿನಾರು ದಿನ ಆಯ್ತಲ್ಲ, ಇನ್ನೇನು ಸಿಗುತ್ತೆ ಅನ್ನಬೇಡಿ. ಕೆಂಪು ರಕ್ತಕಣದಲ್ಲಿರುವ ಕೋಲಿನೆಸ್ಟರೇಸ್ ಮೊದಲಿನ ಮಟ್ಟಕ್ಕೆ ಬರಲು ತಿಂಗಳುಗಳೇ ಬೇಕು. ಈಗ ಒಮ್ಮೆ, ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿ. ಈಗ ಕಮ್ಮಿ ಇದ್ದು ಆಮೇಲೆ ಏರಿದರೆ, ವಿಷ ಮೈಗೆ ಹೋಗಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಚಿಕಿತ್ಸೆಗೂ ಬೇಕು, ಕೇಸಿಗೂ ಬೇಕು.

ಸಾಕ್ಷಿ ಅಂದೆನಲ್ಲ, ನಮ್ಮ ಮನೆಯಲ್ಲಿ ಎಡವಿದ್ದು ಅಲ್ಲೇ. ಕೆಲವು ವರ್ಷದ ಹಿಂದೆ ನಮ್ಮ ದೊಡ್ಡಣ್ಣ ಗದ್ದೆಯಲ್ಲೇ ಕುಸಿದು ಬಿದ್ದ. ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು. ಮನೆಗೆ ಬರುವಷ್ಟರಲ್ಲಿ ಅತ್ತಿಗೆ ಅವನ ಬಟ್ಟೆ ಒಗೆದು ಹಾಕಿದ್ದರು. ಬಾಟಲಿಯನ್ನು ನಾನೇ ಕೈಯಾರೆ ಹೂತಿದ್ದೆ. ಬಿಲ್ ಯಾರೂ ಕೇಳಿರಲಿಲ್ಲ, ಅಂಗಡಿಯವರೂ ಕೊಟ್ಟಿರಲಿಲ್ಲ. ಆರು ತಿಂಗಳಾದ ಮೇಲೆ ಪರಿಹಾರಕ್ಕೆ ಓಡಾಡಲು ಹೊರಟಾಗ ಡಿಸ್ಚಾರ್ಜ್ ಕಾಗದವನ್ನು ಮೊದಲ ಸಲ ಸರಿಯಾಗಿ ಓದಿದೆವು. ‘ಯಾವುದೋ ವಿಷ ಸೇವಿಸಿ ಬಂದಿದ್ದಾರೆ’ ಅಂತ ಬರೆದಿದ್ದರು. ಅಣ್ಣ ಏನನ್ನೂ ಕುಡಿದಿರಲಿಲ್ಲ. ಆ ಒಂದು ಸಾಲಿನಿಂದ ಎಲ್ಲ ಬಾಗಿಲೂ ಮುಚ್ಚಿದವು. ದುಡ್ಡು ಹೋದದ್ದಕ್ಕಿಂತ, ಊರಲ್ಲಿ ಅವನು ಜೀವ ಕಳೆದುಕೊಳ್ಳಲು ಹೋಗಿದ್ದ ಅಂತ ಮಾತಾಯಿತಲ್ಲ, ಅದು ಇವತ್ತಿಗೂ ಅವನನ್ನು ಸುಡುತ್ತದೆ.

ಆದ್ದರಿಂದ ಮೊದಲು ಸೇರಿಸಿದ ಆಸ್ಪತ್ರೆಗೆ ಹೋಗಿ ಪೂರ್ತಿ ದಾಖಲೆಯನ್ನು ಲಿಖಿತವಾಗಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಿಯಮದಲ್ಲೇ ಇದೆ. ಡಿಸ್ಚಾರ್ಜ್ ಹಾಳೆ ಒಂದೇ ಸಾಲದು, ಕೇಸ್ ಶೀಟ್ ಬೇಕು. ಸೇರಿಸಿದ ದಿನದ ಮೊದಲ ಪುಟದಲ್ಲಿ ‘ಔಷಧಿ ಸಿಂಪಡಿಸುವಾಗ ಮೈಮೇಲೆ ಬಿದ್ದು’ ಅಂತ ಇದೆಯಾ, ‘ಸೇವಿಸಿ’ ಅಂತ ಇದೆಯಾ ನೋಡಿ. ತಪ್ಪಿದ್ದರೆ ಅದೇ ಡಾಕ್ಟರ ಹತ್ತಿರ ನಡೆದದ್ದನ್ನು ಹೇಳಿ, ಈಗಲೇ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಎಂಎಲ್‌ಸಿ, ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿ ಮಾಡುವ ದಾಖಲೆ, ಮಾಡಿದ್ದಾರಾ ಕೇಳಿ. ಮಾಡಿದ್ದರೆ ನಂಬರ್ ಬರೆದುಕೊಂಡು ಆ ಠಾಣೆಗೆ ಹೋಗಿ. ಮಾಡಿಲ್ಲದಿದ್ದರೆ ನೀವೇ ಠಾಣೆಗೆ ದೂರು ಕೊಡಿ, ಔಷಧಿಯ ಹೆಸರು ಅದರಲ್ಲಿ ಬರಲೇಬೇಕು. ಎಂಎಲ್‌ಸಿ ಅಂದರೆ ನಮ್ಮ ಜನ ಹೆದರುತ್ತಾರೆ, ಪೊಲೀಸರು ಯಾಕೆ ಅಂತ. ಹೆದರಬೇಡಿ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅಲ್ಲಿನ ಕೆಲವು ಕುಟುಂಬಗಳು ಮುಂದೆ ಔಷಧಿ ಕಂಪನಿಯ ಮೇಲೆ ಅದರ ತವರಾದ ಸ್ವಿಟ್ಜರ್ಲೆಂಡಿನ ಕೋರ್ಟ್‌ವರೆಗೂ ಹೋಗಲು ಆದದ್ದು, ಯಾವ ಔಷಧಿ ಅಂತ ಪೊಲೀಸ್ ದಾಖಲೆಯಲ್ಲಿ ಬರೆದಿದ್ದರಿಂದ.

ಬಾಟಲಿ ಇನ್ನೂ ಇದೆ ಅಂದಿರಿ, ಅದು ನಿಮ್ಮ ಪುಣ್ಯ. ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ. ಬ್ಯಾಚ್ ನಂಬರ್, ತಯಾರಾದ ತಾರೀಖು, ಅವಧಿ ಮುಗಿಯುವ ತಾರೀಖು ಕಾಣುವ ಹಾಗೆ ಫೋಟೊ ತೆಗೆಯಿರಿ. ಸೋರುವ ಆ ಪಂಪಿನ ಫೋಟೊನೂ ತೆಗೆಯಿರಿ, ರಿಪೇರಿ ಮಾಡಿಸಲು ಬಿಡಬೇಡಿ. ಗದ್ದೆ ಯಜಮಾನರ ಹತ್ತಿರ ಬಿಲ್ ಕೇಳಿ. ಪಕ್ಕದ ಗದ್ದೆಯಲ್ಲಿದ್ದವರು ಯಾರಾದರೂ ನೋಡಿದ್ದರೆ, ನೋಡಿದ್ದನ್ನು ಬರೆದು ಸಹಿ ಹಾಕಲಿ. ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೃಷಿ ಅಧಿಕಾರಿಗೆ ಲಿಖಿತ ದೂರು ಕೊಡಿ. 1968ರ ಕೀಟನಾಶಕ ಕಾಯ್ದೆಯಲ್ಲಿ ಇನ್‌ಸ್ಪೆಕ್ಟರ್ ಅಧಿಕಾರ ಇರುವವರು ಅಂಗಡಿಯಿಂದ ಅದೇ ಬ್ಯಾಚಿನ ಮಾದರಿ ತೆಗೆದು ಲ್ಯಾಬಿಗೆ ಕಳಿಸಬಹುದು. ಅಂಗಡಿಯಲ್ಲಿ ಆ ಬ್ಯಾಚು ಖಾಲಿಯಾಗುವ ಮೊದಲೇ ಹೋಗಿ.

ಇನ್ನು ಅಮೆರಿಕದ ವಿಡಿಯೊ. ಅದು ಗ್ಲೈಫೋಸೇಟ್ ಕಳೆನಾಶಕದ ಕೇಸು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರಬಹುದಾದ ಪಟ್ಟಿಗೆ ಸೇರಿಸಿತು. 2018ರಲ್ಲಿ ಶಾಲೆಯ ಮೈದಾನ ನೋಡಿಕೊಳ್ಳುತ್ತಿದ್ದ ಒಬ್ಬರಿಗೆ ಮಾನ್ಸಾಂಟೊ ಕಂಪನಿ 28.9 ಕೋಟಿ ಡಾಲರ್ ಕೊಡಬೇಕು ಅಂತ ಜ್ಯೂರಿ ಹೇಳಿತು. ಅಪೀಲಿನಲ್ಲಿ ಅದು ಸುಮಾರು 2 ಕೋಟಿ ಡಾಲರಿಗೆ ಇಳಿಯಿತು. ಅಮೆರಿಕದ ಪರಿಸರ ಇಲಾಖೆ ಮಾತ್ರ ಅದರಿಂದ ಕ್ಯಾನ್ಸರ್ ಬರುವ ಸಂಭವ ಇಲ್ಲ ಅನ್ನುತ್ತಲೇ ಬಂದಿದೆ. ನಿಮ್ಮದು ಬೇರೆ ಔಷಧಿ, ಬೇರೆ ಕಾಯಿಲೆ, ಬೇರೆ ಕಾನೂನು. ಕೋಟಿಯ ಲೆಕ್ಕ ಮನಸ್ಸಿನಿಂದ ತೆಗೆದುಬಿಡಿ. ಆ ವಿಡಿಯೊ ತೋರಿಸಿ ‘ಕಮಿಷನ್ ಕೊಡಿ, ನಾವು ಕೊಡಿಸುತ್ತೇವೆ’ ಅಂತ ಬರುವವರಿಗೆ ಒಂದು ರೂಪಾಯಿನೂ ಕೊಡಬೇಡಿ, ಖಾಲಿ ಹಾಳೆಗೆ ಸಹಿ ಹಾಕಬೇಡಿ.

ನಮ್ಮಲ್ಲಿ ದಾರಿ ಇಲ್ಲ ಅಂತಲ್ಲ. ಎಂಡೋಸಲ್ಫಾನ್ ಕೀಟನಾಶಕದ ವಿಷಯದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಹೇಳಿತು. ಆದರೆ ಅದು ಊರಿಗೆ ಊರೇ ವರ್ಷಗಟ್ಟಲೆ ಹೋರಾಡಿ ಬಂದದ್ದು. ಒಬ್ಬರಿಗೆ ಆದ ತೊಂದರೆಗೆ ಹತ್ತಿರದ ದಾರಿ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಕಾಯ್ದೆಯಲ್ಲಿ ಸರಕಿನಿಂದ ಮೈಗೆ ಹಾನಿಯಾದರೆ ತಯಾರಿಸಿದವರನ್ನೂ ಮಾರಿದವರನ್ನೂ ಕೇಳಬಹುದು. ಔಷಧಿ ಕೊಂಡದ್ದು ಯಜಮಾನರು, ನಿಮ್ಮ ಭಾಮೈದ ಅಲ್ಲ ಅಂತ ಅಂಗಡಿಯವರು ಹೇಳಬಹುದು. ಕೊಂಡವರ ಒಪ್ಪಿಗೆಯಿಂದ ಬಳಸಿದವರೂ ಗ್ರಾಹಕರೇ ಅಂತ ಕಾಯ್ದೆ ಹೇಳುತ್ತದೆ. ಎರಡು ವರ್ಷದೊಳಗೆ ದೂರು ಹಾಕಬೇಕು. ವಕೀಲರಿಲ್ಲದೆಯೂ ಹಾಕಬಹುದು, ಆದರೆ ಇಂಥ ಕೇಸಿಗೆ ಇಟ್ಟುಕೊಳ್ಳುವುದೇ ಒಳ್ಳೆಯದು. ದುಡ್ಡಿಲ್ಲದಿದ್ದರೆ ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲ 15100ಕ್ಕೆ ಫೋನ್ ಮಾಡಿ.

ಕಷ್ಟ ಎಲ್ಲಿದೆ ಅಂತಲೂ ಹೇಳಿಬಿಡುತ್ತೇನೆ. ನಿಮ್ಮ ಫೋಟೊದಲ್ಲಿರುವ ಕರಪತ್ರದಲ್ಲಿ ಬೆಳೆಯ ಜಾಗದಲ್ಲಿ ಹತ್ತಿ ಅಂತ ಮಾತ್ರ ಇದೆ, ಭತ್ತ ಇಲ್ಲ. ಹೇಳಿದ ಹಾಗೆ ಬಳಸಿಲ್ಲ, ಕೈಗವಸು ಹಾಕಿಲ್ಲ, ಅದು ನಿಮ್ಮ ತಪ್ಪು ಅಂತ ಕಂಪನಿ ವಾದಿಸುತ್ತದೆ. ಆ ವಾದಕ್ಕೆ ಕಾನೂನಿನಲ್ಲಿ ಬಲವೂ ಇದೆ. ಆಗ ಉಳಿಯುವ ಪ್ರಶ್ನೆ, ಭತ್ತದ ಎಲೆ ಸುರುಳಿ ಹುಳುವಿಗೆ ಇದನ್ನು ಹೊಡೆಯಿರಿ ಅಂತ ಹೇಳಿ ಕೊಟ್ಟವರು ಯಾರು? ಅಂಗಡಿಯವರು ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ, ವಾಟ್ಸಾಪಿನಲ್ಲಿ ಕಳಿಸಿದ್ದರೆ ಅದನ್ನು ಅಳಿಸಬೇಡಿ. ನನಗೆ ಕಾಣುವ ಹಾಗೆ ನಿಮ್ಮ ಕೇಸು ನಿಲ್ಲುವುದೇ ಅದರ ಮೇಲೆ.

ಗದ್ದೆ ಯಜಮಾನರ ಮಾತು ಸೂಕ್ಷ್ಮ. ಕೆಲಸಕ್ಕೆ ಕರೆದವರಿಗೂ ಹೊಣೆ ಇದೆ. ಸೋರುವ ಪಂಪು ಅವರದಾದರೆ ಇನ್ನೂ ಜಾಸ್ತಿ. ಆದರೆ ಅವರೂ ನಮ್ಮಂತೆ ರೈತರು, ನಾಳೆ ಮುಖ ನೋಡಬೇಕಾದವರು. ನಾನಾಗಿದ್ದರೆ ಊರಿನ ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು ಆಸ್ಪತ್ರೆಯ ಖರ್ಚು, ಕೆಲಸಕ್ಕೆ ಹೋಗಲಾಗದ ದಿನದ ಕೂಲಿ ಕೇಳುತ್ತಿದ್ದೆ. ಕೊಟ್ಟದ್ದನ್ನು ಬರೆದಿಡಿ. ‘ಇನ್ನು ಮುಂದೆ ಯಾರ ಮೇಲೂ ದೂರಿಲ್ಲ’ ಅಂತ ಮಾತ್ರ ಬರೆದುಕೊಡಬೇಡಿ, ಕಾಲು ಸರಿಯಾಗುತ್ತೋ ಇಲ್ಲವೋ ಇನ್ನೂ ಗೊತ್ತಿಲ್ಲ. ಮಾತು ಮುರಿದರೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.

ಗುಂಪಿನ ಉಳಿದವರಿಗೂ ಒಂದು ಮಾತು. ವಿಷ ಬಾಯಿಂದ ಮಾತ್ರ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಮುಂಗೈಗಿಂತ ತೊಡೆಸಂದಿಯ ಚರ್ಮ ಹತ್ತು ಪಟ್ಟಿಗೂ ಜಾಸ್ತಿ ಹೀರುತ್ತದೆ. ಬೆನ್ನ ಮೇಲಿನ ಪಂಪು ಸೋರಿದರೆ ಔಷಧಿ ಇಳಿಯುವುದೇ ಅಲ್ಲಿಗೆ. ನೆನೆದ ಕೂಡಲೇ ಇನ್ನೊಂದು ಟ್ಯಾಂಕ್ ಮುಗಿಸಿಬಿಡೋಣ ಅನ್ನದೆ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಸ್ನಾನ ಮಾಡಿ. ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಬಾಟಲಿ ಜೊತೆಗೇ ಒಯ್ಯಿರಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117, ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ. ಇನ್ನೊಂದು, ಕಬ್ಬಿಗೆ ಹಾಕುತ್ತಿದ್ದ ಫೋರೇಟ್ ಹರಳು 2020ರ ಕೊನೆಯಿಂದಲೇ ನಿಷೇಧ. ಮನೆಯ ಅಟ್ಟದಲ್ಲಿ ಹಳೆಯದು ಇದ್ದರೆ ಬಳಸಬೇಡಿ, ಯಾರಾದರೂ ಮಾರಿದರೆ ಕೃಷಿ ಅಧಿಕಾರಿಗೆ ತಿಳಿಸಿ.

ಅಣ್ಣ, ನಾಳೆ ಎಷ್ಟು ಹೊತ್ತಿಗೆ ಹೊರಡುತ್ತೀರಿ ಅಂತ ಇಲ್ಲೇ ಬರೆಯಿರಿ. ಮೈಸೂರಿಗೆ ಹೋಗುವುದಾದರೆ ಶ್ರೀರಂಗಪಟ್ಟಣದಲ್ಲಿ ನಾನೂ ಜೊತೆಗೆ ಬರುತ್ತೇನೆ. ನಮ್ಮಣ್ಣನ ಫೈಲು ತರುತ್ತೇನೆ, ಯಾವ ಯಾವ ಕಾಗದ ಕೇಳಬೇಕು ಅನ್ನುವುದಕ್ಕೆ ಅದು ನಿಮಗೆ ಉಪಯೋಗ ಆಗುತ್ತದೆ.